ಅಪ್ಪ-ಅಮ್ಮ ತೀರಿಕೊಂಡ ಮೇಲೆ ಆಸ್ತಿಯ ಕಾಗದಪತ್ರ: ಉತ್ತರ ಕನ್ನಡದ ಮನೆಗಳಿಗೆ ಒಂದು ಮಾರ್ಗದರ್ಶಿ

ತಂದೆಯೋ ತಾಯಿಯೋ ತೀರಿಕೊಂಡ ಮನೆಯಲ್ಲಿ ಸೂತಕ ಕಳೆಯುವ ಮೊದಲೇ ಎರಡು ಪ್ರಶ್ನೆಗಳು ಏಳುತ್ತವೆ: ಬಂದ ಆಸ್ತಿಗೆ ಸರ್ಕಾರಕ್ಕೆ ತೆರಿಗೆ ಕಟ್ಟಬೇಕೇ, ಉಯಿಲು ಇದ್ದರೆ ಕೋರ್ಟಿನಿಂದ ಪ್ರೊಬೇಟ್, ಅಂದರೆ ಉಯಿಲು ಸಾಚಾ ಎಂಬ ದೃಢೀಕರಣ, ತರಬೇಕೇ. ಭಾರತದಲ್ಲಿ ಈಗ ಉತ್ತರಾಧಿಕಾರ ತೆರಿಗೆ ಇಲ್ಲ. 1953ರ ಎಸ್ಟೇಟ್ ಡ್ಯೂಟಿ ಕಾಯ್ದೆಯಡಿ ಹಿಂದೆ ಅಂಥದೊಂದು ತೆರಿಗೆ ಇತ್ತಾದರೂ 1985ರ ಮಾರ್ಚ್ 16ರಿಂದ ಈಚಿನ ಸಾವುಗಳಿಗೆ ಅದು ಅನ್ವಯಿಸುವುದಿಲ್ಲ. ಪ್ರೊಬೇಟ್ ಕೂಡ ಕಾರವಾರದಿಂದ ಶಿರಸಿಯವರೆಗಿನ ಆಸ್ತಿಗೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಇಲ್ಲಿ ಸಮಯ ತಿನ್ನುವ ಕೆಲಸ ಬೇರೆಯೇ ಇದೆ. ಅದು ಪಹಣಿ, ಮನೆ, ಬ್ಯಾಂಕು ಮತ್ತು ಸೊಸೈಟಿಯ ದಾಖಲೆಗಳಲ್ಲಿ ತೀರಿಕೊಂಡವರ ಹೆಸರು ಇಳಿಸಿ ವಾರಸುದಾರರ ಹೆಸರು ಏರಿಸುವುದು. ಆ ಕೆಲಸದಲ್ಲಿ ಮೊದಲು ಎಲ್ಲ ವಾರಸುದಾರರ ಹೆಸರನ್ನೂ ಜಂಟಿಯಾಗಿ ಹಾಕಿಸಿ, ಪಾಲು ಮಾಡಿಕೊಳ್ಳುವ ಮಾತನ್ನು ಆಮೇಲೆ ಎತ್ತಿಕೊಳ್ಳುವುದೇ ಸರಿಯಾದ ಕ್ರಮವೆಂಬುದು ನನ್ನ ಖಚಿತ ಅಭಿಪ್ರಾಯ. ಎರಡನ್ನೂ ಒಟ್ಟಿಗೆ ಮಾಡಹೋದವರ ಕಡತಗಳೇ ತಾಲೂಕು ಕಚೇರಿಯಲ್ಲಿ ವರ್ಷಗಟ್ಟಲೆ ಕೂರುತ್ತವೆ.

ಮರಣ ಪತ್ರ ಮತ್ತು ಹೆಸರಿನ ಗೋಜಲು

ಸಾವನ್ನು 21 ದಿನಗಳ ಒಳಗೆ ನೋಂದಾಯಿಸಿದರೆ ದಂಡವಿಲ್ಲ. 30 ದಿನ ಮೀರಿದರೆ ಮೇಲಧಿಕಾರಿಯ ಅನುಮತಿ ಬೇಕು, ಒಂದು ವರ್ಷ ಮೀರಿದರೆ ಮ್ಯಾಜಿಸ್ಟ್ರೇಟರ ಆದೇಶವೇ ಬೇಕು. ನೋಂದಣಿಯಾಗುವುದು ಸಾವು ಸಂಭವಿಸಿದ ಜಾಗದಲ್ಲಿಯೇ ಹೊರತು ಸ್ವಂತ ಊರಿನಲ್ಲಲ್ಲ ಎಂಬುದು ನಮ್ಮ ಜಿಲ್ಲೆಯವರು ವಿಶೇಷವಾಗಿ ಗಮನಿಸಬೇಕಾದ ಸಂಗತಿ. ಕಾಯಿಲೆ ಬಿಗಡಾಯಿಸಿದಾಗ ಶಿರಸಿ, ಯಲ್ಲಾಪುರದವರು ಹುಬ್ಬಳ್ಳಿಗೆ, ಹೊನ್ನಾವರ, ಭಟ್ಕಳದವರು ಮಣಿಪಾಲ, ಮಂಗಳೂರಿಗೆ, ಕಾರವಾರದವರು ಗೋವಾಕ್ಕೆ ಹೋಗುವುದು ರೂಢಿ. ಅಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರೆ ಮರಣ ಪತ್ರವನ್ನೂ ಅಲ್ಲಿಯೇ ಪಡೆಯಬೇಕಾಗುತ್ತದೆ. ಆದ್ದರಿಂದ ಆಸ್ಪತ್ರೆಯವರು ನೋಂದಣಿಗೆ ಕಳಿಸುವ ನಮೂನೆಯಲ್ಲಿ ಹೆಸರು, ತಂದೆ ಅಥವಾ ಗಂಡನ ಹೆಸರು, ಕಾಯಂ ವಿಳಾಸ ಸರಿಯಾಗಿವೆಯೇ ಎಂದು, ಆ ದುಃಖದ ಗಳಿಗೆಯಲ್ಲೂ, ಮನೆಯವರಲ್ಲಿ ಒಬ್ಬರು ನೋಡಿಕೊಳ್ಳಲೇಬೇಕು. ಪ್ರಮಾಣೀಕೃತ ಪ್ರತಿಗಳನ್ನು ಧಾರಾಳವಾಗಿ ತೆಗೆದಿಟ್ಟುಕೊಳ್ಳಿ.

ಹೆಸರಿನ ತೊಡಕು ನಮ್ಮಲ್ಲಿ ತುಸು ಹೆಚ್ಚೇ. ಒಬ್ಬರೇ ಮನುಷ್ಯರು ಪಹಣಿಯಲ್ಲಿ ‘ಸುಬ್ರಾಯ ಗಣಪತಿ’, ಆಧಾರ್ ಕಾರ್ಡಿನಲ್ಲಿ ‘ಸುಬ್ರಾಯ’ ಮತ್ತು ಮನೆತನದ ಹೆಸರು, ಬ್ಯಾಂಕಿನಲ್ಲಿ ಎರಡು ಇನಿಷಿಯಲ್ಲು, ಸೊಸೈಟಿಯ ಪುಸ್ತಕದಲ್ಲಿ ‘ಸುಬ್ಬಣ್ಣ’ ಆಗಿರುತ್ತಾರೆ. ತಾಯಂದಿರದು ಇನ್ನೂ ಕಷ್ಟ. ಹವ್ಯಕರಲ್ಲಿಯೂ ಕೊಂಕಣಿಗರಲ್ಲಿಯೂ ಮದುವೆಯಲ್ಲಿ ಹೆಸರು ಬದಲಿಸುವ ಪದ್ಧತಿ ಇದ್ದುದರಿಂದ, ತವರುಮನೆಯ ದಾಖಲೆಯಲ್ಲಿರುವ ಹೆಸರಿಗೂ ಗಂಡನ ಮನೆಯ ಪಡಿತರ ಚೀಟಿಯಲ್ಲಿರುವ ಹೆಸರಿಗೂ ಸಂಬಂಧವೇ ಇರುವುದಿಲ್ಲ. ಇದಕ್ಕೆ, ಈ ಎಲ್ಲ ಹೆಸರುಗಳೂ ಒಬ್ಬರವೇ ಎಂದು ವಾರಸುದಾರರು ನೋಟರಿಯ ಮುಂದೆ ಮಾಡುವ ಅಫಿಡವಿಟ್ ಬೇಕಾಗುತ್ತದೆ. ಯಾವ ದಾಖಲೆಯಲ್ಲಿ ಯಾವ ಹೆಸರಿದೆಯೆಂದು ಮೊದಲೇ ಒಂದು ಹಾಳೆಯಲ್ಲಿ ಬರೆದುಕೊಂಡು, ಅಷ್ಟೂ ರೂಪಗಳನ್ನು ಒಂದೇ ಅಫಿಡವಿಟ್ಟಿನಲ್ಲಿ ಸೇರಿಸಿದರೆ ಕಚೇರಿಗೊಂದರಂತೆ ಬೇರೆ ಬೇರೆ ಮಾಡಿಸುವ ಖರ್ಚು ಉಳಿಯುತ್ತದೆ.

ವಂಶವೃಕ್ಷ

ನಾಡಕಚೇರಿಯಲ್ಲಿ ಅರ್ಜಿ ಹಾಕಿ ವಂಶವೃಕ್ಷ ದೃಢೀಕರಣವನ್ನೂ, ಬದುಕಿರುವ ಕುಟುಂಬ ಸದಸ್ಯರ ದೃಢೀಕರಣವನ್ನೂ ಪಡೆಯಬೇಕು. ಮುಂದಿನ ಬಹುತೇಕ ಕೆಲಸಗಳು ಇವುಗಳ ಮೇಲೆಯೇ ನಿಲ್ಲುತ್ತವೆ. ಅಕ್ಕ-ತಂಗಿಯರು, ಪರದೇಶದಲ್ಲಿರುವ ಅಣ್ಣ-ತಮ್ಮಂದಿರು ಹದಿಮೂರನೆಯ ದಿನದ ಊಟ ಮುಗಿಸಿ ಹೊರಡುವ ಮುನ್ನವೇ ಅವರ ಆಧಾರ್ ಪ್ರತಿ, ಫೋಟೊ, ಸಹಿ ಪಡೆದಿಟ್ಟುಕೊಳ್ಳುವುದು ಕೆಲವರಿಗೆ ಅವಸರವೆಂದು ಕಂಡೀತು. ಆದರೆ ಎಲ್ಲರೂ ಮತ್ತೆ ಒಂದೆಡೆ ಸೇರುವುದು ವರ್ಷಾಂತದ ಶ್ರಾದ್ಧಕ್ಕೇ.

ವಂಶವೃಕ್ಷದಲ್ಲಿ ಯಾರನ್ನೂ ಬಿಡಬಾರದು. ಹಿಂದೂ ಗಂಡಸು ಉಯಿಲು ಬರೆಯದೆ ತೀರಿಕೊಂಡರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅವರ ಸ್ವಯಾರ್ಜಿತ ಆಸ್ತಿ ಹೆಂಡತಿಗೆ, ಗಂಡುಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಮತ್ತು ತೀರಿಕೊಂಡವರ ತಾಯಿಗೆ ಸಮನಾಗಿ ಹೋಗುತ್ತದೆ. ಅಂದರೆ ಅಜ್ಜಿ ಬದುಕಿದ್ದರೆ ಅವರಿಗೂ ಒಂದು ಪಾಲು ಇದೆ. ಇದನ್ನು ಮರೆಯುವವರೇ ಹೆಚ್ಚು. ಮೊದಲೇ ತೀರಿಕೊಂಡ ಅಕ್ಕನ ಮಕ್ಕಳು ಅಕ್ಕನ ಪಾಲಿಗೆ ಬರುತ್ತಾರೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳು ಹುಟ್ಟಿನಿಂದಲೇ ಸಮಪಾಲುದಾರರೆಂದು 2005ರ ತಿದ್ದುಪಡಿ ಹೇಳಿತು. ತಿದ್ದುಪಡಿಯ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನೋಂದಾಯಿತ ಪತ್ರದಿಂದಲೋ ಕೋರ್ಟಿನ ಡಿಕ್ರಿಯಿಂದಲೋ ವಿಭಾಗ ಆಗಿದ್ದರೆ ಅದನ್ನು ಕೆದಕಲಾಗದು. ‘ಮದುವೆಯಲ್ಲಿ ಬಂಗಾರ ಹಾಕಿದ್ದೇವಲ್ಲ’ ಎಂಬ ಮಾತಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ತಾಯಿಯ ಆಸ್ತಿಯಾದರೆ ಗಂಡನೂ ಮಕ್ಕಳೂ ಸಮಾನ ವಾರಸುದಾರರು. ಮುಸ್ಲಿಂ ಕುಟುಂಬಗಳಿಗೆ ಷರೀಅತ್ತಿನ ಪಾಲುಗಳೂ, ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯೂ ಅನ್ವಯಿಸುತ್ತವೆ; ಕ್ರೈಸ್ತರಲ್ಲಿ ಮಕ್ಕಳಿದ್ದರೆ ವಿಧವೆಗೆ ಮೂರನೇ ಒಂದು ಭಾಗ, ಉಳಿದದ್ದು ಮಕ್ಕಳಿಗೆ ಸಮನಾಗಿ.

ಪೌತಿ ಖಾತೆ

ತೀರಿಕೊಂಡವರ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ, ಹಳಬರ ಬಾಯಲ್ಲಿ ವಾರ್ಸಾಕ್ಕೆ, ಮರಣ ಪತ್ರ, ವಂಶವೃಕ್ಷ, ಪಹಣಿ ಮತ್ತು ಎಲ್ಲ ವಾರಸುದಾರರ ಆಧಾರ್ ಪ್ರತಿಗಳೊಂದಿಗೆ ಅರ್ಜಿ ಕೊಡಬೇಕು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 128ನೇ ಕಲಮಿನಂತೆ ವಾರಸಿನಿಂದ ಬಂದ ಹಕ್ಕನ್ನು ಮೂರು ತಿಂಗಳೊಳಗೆ ವರದಿ ಮಾಡಬೇಕೆಂದಿದೆ. ತಡವಾದರೆ ಹಕ್ಕು ಹೋಗುವುದಿಲ್ಲ, ಆದರೆ ಬೆಳೆ ಸಾಲ, ಬೆಳೆ ವಿಮೆ, ಪರಿಹಾರ ಎಲ್ಲಕ್ಕೂ ಪಹಣಿಯ ಹೆಸರೇ ಆಧಾರ. ಅರ್ಜಿಯಾದ ಮೇಲೆ ಆಕ್ಷೇಪಣೆಗಾಗಿ ನೋಟಿಸು ಹೊರಡುತ್ತದೆ. ಅವಧಿ ಮುಗಿದು, ಯಾರ ತಕರಾರೂ ಇಲ್ಲದಿದ್ದರೆ ಮ್ಯುಟೇಶನ್ (ಹೆಸರು ಬದಲಾವಣೆ) ಮಂಜೂರಾಗಿ ಪಹಣಿಯ 9ನೇ ಕಾಲಮಿನಲ್ಲಿ ಹೊಸ ಹೆಸರುಗಳು ಬರುತ್ತವೆ. ಹೊಸ ಪಹಣಿ ತೆಗೆಸಿ ಪ್ರತಿ ಹೆಸರಿನ ಅಕ್ಷರವನ್ನೂ, ಪ್ರತಿ ಸರ್ವೆ ನಂಬರನ್ನೂ ಓದಿ ನೋಡಿ. ನಾಲ್ಕು ನಂಬರುಗಳಲ್ಲಿ ಒಂದು ಬಿಟ್ಟುಹೋದದ್ದು ಗೊತ್ತಾಗುವುದು ಮುಂದೆ ಮಾರುವಾಗ ಅಥವಾ ಸಾಲಕ್ಕೆ ಹೋದಾಗ.

ಪೌತಿ ಖಾತೆಯಿಂದ ಯಾರಿಗೂ ಹೊಸದಾಗಿ ಒಡೆತನ ಬರುವುದಿಲ್ಲ, ಹೆಸರು ಬಿಟ್ಟವರ ಹಕ್ಕು ನಾಶವಾಗುವುದೂ ಇಲ್ಲ. ತಂಗಿ ಒಂದು ಹಾಳೆಯ ಮೇಲೆ ‘ನನಗೇನೂ ಬೇಡ’ ಎಂದು ಸಹಿ ಹಾಕಿಕೊಟ್ಟರೆ ಸಾಕೆಂದು ನಂಬುವವರಿದ್ದಾರೆ. ಸ್ಥಿರಾಸ್ತಿಯ ಹಕ್ಕು ಬಿಡುಗಡೆ ಪತ್ರ ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾಗದೆ ಊರ್ಜಿತವಾಗುವುದಿಲ್ಲ. ಪಾಲಾಗುವುದಿದ್ದರೆ ಜಂಟಿ ಪೌತಿಯಾದ ನಂತರ ಸರ್ವೆಯವರಿಂದ 11ಇ ನಕ್ಷೆ, ಅಂದರೆ ಪಾಲುಗಳ ಅಳತೆಯ ನಕ್ಷೆ, ಮಾಡಿಸಿ, ವಿಭಾಗ ಪತ್ರ ನೋಂದಾಯಿಸುವುದು ದಾರಿ. ಕುಟುಂಬದೊಳಗಿನ ವಿಭಾಗಕ್ಕೂ ಬಿಡುಗಡೆಗೂ ಮುದ್ರಾಂಕ ಶುಲ್ಕ ಕ್ರಯಪತ್ರಕ್ಕಿಂತ ಬಹಳ ಕಡಿಮೆ.

ಘಟ್ಟದ ಮೇಲೆ ತೋಟ ಇರುವವರು ಬೆಟ್ಟವನ್ನು ಮರೆಯಬಾರದು. ತೋಟದ ಗೊಬ್ಬರಕ್ಕೆ ಸೊಪ್ಪು ತರುವ ಕಾಡು, ಅಂದರೆ ಸೊಪ್ಪಿನ ಬೆಟ್ಟದ ಮೇಲೆ ನಮಗಿರುವುದು ತೋಟಕ್ಕೆ ಅಂಟಿಕೊಂಡ ಸವಲತ್ತು, ಒಡೆತನವಲ್ಲ. ತೋಟ ಪಾಲಾದರೆ ಬೆಟ್ಟದ ಸವಲತ್ತು ಯಾರಿಗೆಷ್ಟು ಎಂಬುದನ್ನೂ ವಿಭಾಗ ಪತ್ರದಲ್ಲಿ ಬರೆಯದಿದ್ದರೆ ದರಕು (ಒಣ ಎಲೆ), ಸೊಪ್ಪಿನ ಕಾಲದಲ್ಲಿ ಜಗಳ ತಪ್ಪಿದ್ದಲ್ಲ. ಅತಿಕ್ರಮಣ ಜಾಗಕ್ಕೆ ಪೌತಿ ಆಗುವುದಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಹಕ್ಕುಪತ್ರ ಸಿಕ್ಕಿದ್ದರೆ ಮಾತ್ರ ಅದು ವಾರಸುದಾರರಿಗೆ ಇಳಿದುಬರುತ್ತದೆ, ಆದರೆ ಅದನ್ನು ಮಾರುವಂತಿಲ್ಲ. ಕರಾವಳಿಯಲ್ಲಿ, ಭೂಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯ ನಂತರ ಗೇಣಿ ಜಮೀನು ಅಜ್ಜನ ಅಥವಾ ದೊಡ್ಡಪ್ಪನ ಒಬ್ಬರ ಹೆಸರಿಗೆ ಮಂಜೂರಾಗಿ, ಅನುಭವದಲ್ಲಿ ಮಾತ್ರ ಎಲ್ಲ ಅಣ್ಣ-ತಮ್ಮಂದಿರು ಇರುವ ಮನೆಗಳು ಅನೇಕ. ಅಲ್ಲಿ ತಂದೆಯ ಹೆಸರಿನಿಂದಲ್ಲ, ಪಹಣಿಯಲ್ಲಿ ಇರುವವರ ಹೆಸರಿನಿಂದ ವಂಶವೃಕ್ಷ ಆರಂಭವಾಗಬೇಕು. ಮೊದಲು ಮಂಜೂರಿ ಆದೇಶದ ನಕಲು ತೆಗೆಸಿಕೊಂಡು ವಕೀಲರಿಗೆ ತೋರಿಸಿ.

ಮನೆ ಪಂಚಾಯತ ವ್ಯಾಪ್ತಿಯಲ್ಲಿದ್ದರೆ ಇ-ಸ್ವತ್ತಿನ 9 ಮತ್ತು 11ನೇ ನಮೂನೆ, ನಗರಸಭೆಯಲ್ಲಿದ್ದರೆ ಇ-ಖಾತೆ, ಹೆಸ್ಕಾಂ ಮೀಟರಿನ ಹೆಸರು, ಸಾರಿಗೆ ಕಚೇರಿಯಲ್ಲಿ ವಾಹನಕ್ಕೆ ನಮೂನೆ 31, ಇವೆಲ್ಲ ಅದೇ ಕಾಗದಗಳಿಂದ ಆಗುತ್ತವೆ. ಪಿಎಂ-ಕಿಸಾನ್ ಹಣ ತೀರಿಕೊಂಡವರ ಖಾತೆಗೆ ಬರುತ್ತಲೇ ಇದ್ದರೆ ಕೃಷಿ ಇಲಾಖೆಗೆ ತಿಳಿಸಿ ನಿಲ್ಲಿಸಿ. ಬೆಳೆ ರಕ್ಷಣೆಯ ಬಂದೂಕು ಇರುವ ಮನೆಯಲ್ಲಿ ಅದನ್ನು ತಡಮಾಡದೆ ಪೊಲೀಸ್ ಠಾಣೆಗೆ ಒಪ್ಪಿಸಿ ರಸೀದಿ ಪಡೆಯಬೇಕು. ಲೈಸೆನ್ಸು ಇದ್ದದ್ದು ತೀರಿಕೊಂಡವರಿಗೆ, ಅಟ್ಟದ ಮೇಲೆ ಉಳಿದ ಬಂದೂಕು ಈಗ ಪರವಾನಗಿ ಇಲ್ಲದ ಆಯುಧ.

ಬ್ಯಾಂಕು, ಸೊಸೈಟಿ, ಉಯಿಲು

ನಾಮಿನಿ ಇದ್ದರೆ ಬ್ಯಾಂಕು ಮರಣ ಪತ್ರ ಮತ್ತು ಗುರುತಿನ ದಾಖಲೆ ನೋಡಿ ಹಣ ಕೊಡುತ್ತದೆ. ಆದರೆ ನಾಮಿನಿ ಹಣವನ್ನು ಎತ್ತಿಕೊಳ್ಳುವ ಕೈ ಮಾತ್ರ; ಅದು ವಾರಸುದಾರರೆಲ್ಲರಿಗೆ ಸೇರಿದ್ದು. ಕಂಪನಿ ಷೇರುಗಳ ಮಟ್ಟಿಗೂ ಇದೇ ತತ್ವವೆಂದು ಸುಪ್ರೀಂ ಕೋರ್ಟು 2023ರ ಡಿಸೆಂಬರಿನಲ್ಲಿ ಹೇಳಿದೆ. ಜೀವ ವಿಮೆಯಲ್ಲಿ ಗಂಡ, ಹೆಂಡತಿ, ಮಕ್ಕಳು, ತಂದೆತಾಯಿ ನಾಮಿನಿಯಾಗಿದ್ದರೆ ಮಾತ್ರ 2015ರ ತಿದ್ದುಪಡಿಯಿಂದ ಹಣ ಅವರದೇ ಆಗುತ್ತದೆ. ಎಟಿಎಂ ಕಾರ್ಡಿನ ಪಿನ್ ಗೊತ್ತಿದೆಯೆಂದು ಸಾವಿನ ನಂತರ ಹಣ ತೆಗೆಯಬೇಡಿ; ಕ್ರಿಯಾಕರ್ಮದ ಖರ್ಚಿಗೇ ತೆಗೆದದ್ದಾದರೂ ಮುಂದೆ ದಾಯಾದಿಗಳ ನಡುವೆ ಅದೇ ಮೊದಲ ಆರೋಪವಾಗುತ್ತದೆ.

ಸಹಕಾರಿ ಸಂಘದಲ್ಲಿ ಷೇರು, ಠೇವಣಿ, ಬೆಳೆ ಸಾಲ, ಮಾರಾಟ ಸಂಘದಲ್ಲಿ ದಾಸ್ತಾನು ಇಟ್ಟ ಅಡಿಕೆ, ಇಷ್ಟನ್ನೂ ಲಿಖಿತವಾಗಿ ಕೇಳಿ ಪಡೆಯಿರಿ. ತೀರಿಕೊಂಡವರ ಸಾಲಕ್ಕೆ ವಾರಸುದಾರರು ಹೊಣೆಯಾಗುವುದು ಅವರಿಗೆ ಬಂದ ಆಸ್ತಿಯ ಮಿತಿಯಲ್ಲಿ ಮಾತ್ರ. ಆದರೆ ಪಹಣಿಯ 11ನೇ ಕಾಲಮಿನಲ್ಲಿರುವ ಬೋಜಾ, ಅಂದರೆ ಜಮೀನಿನ ಮೇಲಿನ ಸಾಲದ ಹೊರೆ, ಜಮೀನಿನ ಜೊತೆಗೇ ಬರುತ್ತದೆ.

ನಾಮಿನಿ ಇಲ್ಲದ ದೊಡ್ಡ ಮೊತ್ತಕ್ಕೆ ಬ್ಯಾಂಕು ಉತ್ತರಾಧಿಕಾರ ಪ್ರಮಾಣಪತ್ರ ಕೇಳಬಹುದು. ತೀರಿಕೊಂಡವರು ವಾಸವಿದ್ದ ವ್ಯಾಪ್ತಿಯ ಸಿವಿಲ್ ನ್ಯಾಯಾಲಯ ಅದನ್ನು ಕೊಡುತ್ತದೆ. ಪತ್ರಿಕಾ ಪ್ರಕಟಣೆ, ನೋಟಿಸು, ಮೊತ್ತಕ್ಕೆ ತಕ್ಕ ಕೋರ್ಟು ಶುಲ್ಕ ಇವೆ. ಠೇವಣಿ, ಬಾಕಿ, ಷೇರುಗಳಿಗೆ ಮಾತ್ರ ಅದು ಅನ್ವಯ, ಜಮೀನಿಗಲ್ಲ. ಆದ್ದರಿಂದ ಬ್ಯಾಂಕಿನವರು ಕೇಳುವ ಮೊದಲೇ ಕೋರ್ಟಿಗೆ ಓಡುವ ಅಗತ್ಯವಿಲ್ಲ. ಸಣ್ಣ ಮೊತ್ತವನ್ನು ಅವರು ಇಂಡೆಮ್ನಿಟಿ ಬಾಂಡಿನ (ನಷ್ಟವಾದರೆ ತುಂಬಿಕೊಡುವೆವೆಂಬ ಮುಚ್ಚಳಿಕೆಯ) ಮೇಲೆಯೇ ಇತ್ಯರ್ಥ ಮಾಡುತ್ತಾರೆ.

ಉಯಿಲು ಇದ್ದರೆ ಅದಕ್ಕೆ ಇಬ್ಬರು ಸಾಕ್ಷಿಗಳ ಸಹಿ ಇದೆಯೇ ಎಂದು ಮೊದಲು ನೋಡಿ. ನೋಂದಣಿ ಕಡ್ಡಾಯವಲ್ಲ, ಆದರೆ ಸಾಕ್ಷಿಗಳಿಲ್ಲದ ಉಯಿಲು ನಿಲ್ಲುವುದಿಲ್ಲ. ಹಿಂದೂಗಳ ಉಯಿಲಿಗೆ ಪ್ರೊಬೇಟ್ ಕಡ್ಡಾಯವೆಂಬ, ಭಾರತೀಯ ಉತ್ತರಾಧಿಕಾರ ಕಾಯ್ದೆಯ 213ನೇ ಕಲಮು ಬಹುಕಾಲ ಮುಖ್ಯವಾಗಿ ಮುಂಬಯಿ, ಚೆನ್ನೈ, ಕೋಲ್ಕತ್ತಗಳಿಗೆ ಸಂಬಂಧಿಸಿ ಜಾರಿಯಲ್ಲಿತ್ತು. ನಮ್ಮ ಜಿಲ್ಲೆ ಹಿಂದೆ ಮುಂಬಯಿ ಪ್ರಾಂತಕ್ಕೆ ಸೇರಿದ್ದರೂ ಇಲ್ಲಿಯ ಆಸ್ತಿ ಆ ನಗರದ ಮಿತಿಗೆ ಒಳಪಟ್ಟದ್ದಲ್ಲ. ದುಡಿಮೆಗೆ ಮುಂಬಯಿಗೆ ಹೋಗಿ ಅಲ್ಲೊಂದು ಖೋಲಿ ಮಾಡಿಕೊಂಡ ತಂದೆಯ ಮಕ್ಕಳು ಮಾತ್ರ ಆ ಕಲಮಿನ ಈಗಿನ ಸ್ಥಿತಿಯನ್ನು ಅಲ್ಲಿಯ ವಕೀಲರಿಂದ ಕೇಳಿಕೊಳ್ಳಬೇಕು. ಗೋವಾದಲ್ಲಿ ಮನೆ ಇದ್ದರೆ ಅಲ್ಲಿಯದು ಬೇರೆಯೇ ಕಾನೂನು, ಕೋರ್ಟಿನಲ್ಲಿ ಆಸ್ತಿಯ ಪಟ್ಟಿ ಮಾಡಿ ಹಂಚುವ ಬೇರೆಯೇ ಇನ್ವೆಂಟರಿ ಪ್ರಕ್ರಿಯೆ. ಇಲ್ಲಿಯ ವಂಶವೃಕ್ಷ ಒಂದರಿಂದಲೇ ಕೆಲಸವಾಗದು.

ತೆರಿಗೆ

ವಾರಸಿನಿಂದಲೋ ಉಯಿಲಿನಿಂದಲೋ ಬಂದ ಆಸ್ತಿ ಆದಾಯವಲ್ಲ, ಅದಕ್ಕೆ ತೆರಿಗೆಯಿಲ್ಲ. ತೆರಿಗೆ ಎದುರಾಗುವುದು ಎರಡು ಕಡೆ. ಒಂದು, ತೀರಿಕೊಂಡವರು ಆ ವರ್ಷ ಸಾಯುವ ದಿನದವರೆಗೆ ಗಳಿಸಿದ ಪಿಂಚಣಿ, ಬಡ್ಡಿ, ಬಾಡಿಗೆ ತೆರಿಗೆಯ ಮಿತಿ ಮೀರಿದ್ದರೆ ಅಥವಾ ಕಡಿತವಾದ ತೆರಿಗೆ ಮರಳಿ ಬರಬೇಕಿದ್ದರೆ, ವಾರಸುದಾರರೊಬ್ಬರು ಆದಾಯ ತೆರಿಗೆ ಪೋರ್ಟಲ್ಲಿನಲ್ಲಿ ಕಾನೂನುಬದ್ಧ ಪ್ರತಿನಿಧಿಯಾಗಿ ನೋಂದಾಯಿಸಿಕೊಂಡು ಅವರ ಪರವಾಗಿ ರಿಟರ್ನ್ ಸಲ್ಲಿಸಬೇಕು. ಸಾವಿನ ಮರುದಿನದಿಂದ ಬರುವ ಬಡ್ಡಿ ವಾರಸುದಾರರ ಆದಾಯ.

ಇನ್ನೊಂದು, ಬಂದ ಆಸ್ತಿಯನ್ನು ಮಾರಿದಾಗ. ಆಗ ತಂದೆ ಕೊಂಡ ಬೆಲೆಯೇ ನಿಮ್ಮ ಬೆಲೆ, ಅವರು ಇಟ್ಟುಕೊಂಡಿದ್ದ ಕಾಲವೂ ನಿಮ್ಮ ಲೆಕ್ಕಕ್ಕೆ ಸೇರುತ್ತದೆ. 2001ರ ಏಪ್ರಿಲ್ 1ಕ್ಕಿಂತ ಹಿಂದಿನ ಆಸ್ತಿಗೆ ಆ ದಿನದ ಬೆಲೆ ಹಿಡಿಯಬಹುದು. 2024ರ ಜುಲೈ 23ರಿಂದ ಈಚಿನ ಮಾರಾಟಕ್ಕೆ ದೀರ್ಘಾವಧಿ ಲಾಭದ ಮೇಲೆ ಶೇ. 12.5 ತೆರಿಗೆ. ಆ ದಿನಕ್ಕಿಂತ ಮೊದಲು ಬಂದ ಜಮೀನು, ಕಟ್ಟಡಕ್ಕೆ ಇಲ್ಲಿಯ ನಿವಾಸಿಗಳು ಹಣದುಬ್ಬರದ ಲೆಕ್ಕದೊಂದಿಗೆ ಶೇ. 20ರ ಹಳೆಯ ಕ್ರಮದಲ್ಲಿಯೂ ಲೆಕ್ಕ ಹಾಕಿ, ಕಡಿಮೆಯಾದದ್ದನ್ನು ಕಟ್ಟಬಹುದು. ಗ್ರಾಮೀಣ ಕೃಷಿ ಜಮೀನಿನ ಮಾರಾಟಕ್ಕೆ ಈ ತೆರಿಗೆಯೇ ಇಲ್ಲ, ಆದರೆ ಶಿರಸಿ, ಕಾರವಾರಗಳಂಥ ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಪಟ್ಟಣದ ಗಡಿಯಿಂದ ನೇರ ಅಳತೆಯಲ್ಲಿ 2 ಕಿ.ಮೀ. ಒಳಗಿದ್ದರೆ ಅದು ಗ್ರಾಮೀಣವೆನಿಸುವುದಿಲ್ಲ. ಪಟ್ಟಣದ ಅಂಚಿನ ಗದ್ದೆ ಮಾರುವವರು ಕ್ರಯಪತ್ರಕ್ಕೆ ಮೊದಲು ಈ ದೂರವನ್ನು ಖಚಿತಪಡಿಸಿಕೊಳ್ಳಬೇಕು. ತೀರಿಕೊಂಡವರ ಪ್ಯಾನ್ ಕಾರ್ಡನ್ನು ಕೊನೆಯ ರಿಟರ್ನ್ ಸಂಸ್ಕರಣೆಯಾಗಿ, ಬರಬೇಕಾದ ರೀಫಂಡ್ ಬಂದ ಮೇಲೆಯೇ ರದ್ದಿಗೆ ಕೊಡಿ.