ಟ್ಯೂಬ್ ಹಚ್ಚುವ ಮೊದಲು ಕನ್ನಡಿ ಹಿಡಿಯಿರಿ

ಕೆಳಗಡೆ, ಯೋನಿಯ ಹೊರಭಾಗದಲ್ಲಿ ತುರಿಕೆ ಶುರುವಾಯಿತೆಂದರೆ ನಮ್ಮ ಹೆಂಗಸರು ಮೊದಲು ಮಾಡುವುದು ಮೆಡಿಕಲ್ ಶಾಪಿನಿಂದ ಒಂದು ಟ್ಯೂಬ್ ತರಿಸುವುದು, ಅದೂ ಯಾತಕ್ಕೆಂದು ಹೇಳದೆ. ಅಲ್ಲಿನ ಚರ್ಮ ಹೇಗಾಗಿದೆ ಎಂದು ನೋಡಿಕೊಂಡಿದ್ದೀರಾ ಅಂದರೆ ‘ಅಯ್ಯೋ’ ಎಂದು ಮುಖ ತಿರುಗಿಸುತ್ತಾರೆ.

ಹಾಗೆ ನೋಡಿಕೊಳ್ಳುವುದಕ್ಕೆ ತಯಾರಿ ಸುಲಭ. ಮುಟ್ಟು ಮುಗಿದ ಮೇಲೆ ತಿಂಗಳಿಗೊಮ್ಮೆ, ಕೈ ತೊಳೆದು, ದಿಂಬಿಗೊರಗಿ ಕೂತು, ಕೈಗನ್ನಡಿ ಮತ್ತು ಮೊಬೈಲ್ ಟಾರ್ಚ್ ಹಿಡಿದರೆ ಸಾಕು. ಕೂದಲು ತೆಗೆದ ದಿನ ಮಾತ್ರ ಬೇಡ, ಬುಡದ ಗುಳ್ಳೆಗಳೆಲ್ಲ ಕಾಯಿಲೆಯಂತೆ ಕಾಣುತ್ತವೆ.

ಮೇಲಿನಿಂದ ಶುರುಮಾಡಿ: ಹೊರತುಟಿ, ಒಳತುಟಿ, ಯೋನಿದ್ವಾರ, ಕೊನೆಗೆ ಗುದದ್ವಾರದ ಸುತ್ತ. ಕೊನೆಯದನ್ನು ಬಿಡಬೇಡಿ. ಮೈಬಣ್ಣಕ್ಕಿಂತ ಕಪ್ಪಾಗಿರುವುದು ಸಹಜ, ಬಸುರಿನಲ್ಲಿ ಇನ್ನೂ ಕಪ್ಪಾಗುತ್ತದೆ. ಒಂದು ಒಳತುಟಿ ಉದ್ದ, ಇನ್ನೊಂದು ಗಿಡ್ಡ ಇರುವುದೂ ಸಹಜವೇ. ಸಾಸಿವೆಗಿಂತ ಸಣ್ಣ ಹಳದಿ ಚುಕ್ಕೆಗಳು ಎಣ್ಣೆಗ್ರಂಥಿಗಳು, ಚಿವುಟಬೇಡಿ. ‘ಬೆಳ್ಳಗಾಗಿಸುವ’ ಕ್ರೀಮುಗಳನ್ನು ಅಂಗಡಿಯಲ್ಲೇ ಬಿಡಿ.

ಜನ ಎಡವುವುದು ಬಿಳುಪಿನಲ್ಲಿ. ಬಿಳಿ ಕಂಡರೆ ಒಂದೋ ಫಂಗಸ್, ಇಲ್ಲವೇ ತೊನ್ನು ಎಂದು ತಾವೇ ತೀರ್ಮಾನಿಸುತ್ತಾರೆ. ತೊನ್ನಿನಲ್ಲಿ ಬಣ್ಣ ಮಾತ್ರ ಹೋಗಿರುತ್ತದೆ, ಚರ್ಮ ಮೊದಲಿನಷ್ಟೇ ಮೃದು, ತುರಿಕೆ ಸಾಮಾನ್ಯವಾಗಿ ಇರುವುದಿಲ್ಲ. ಫಂಗಸ್ ಆದರೆ ಕೆಂಪು, ಉರಿ, ಎಷ್ಟೋ ಸಲ ಒಡೆದ ಹಾಲಿನಂಥ ಸ್ರಾವ. ಅದು ಪದೇಪದೇ ಬಂದರೆ ಸಕ್ಕರೆ ಪರೀಕ್ಷೆ ಮಾಡಿಸಿ. ಲೈಕೆನ್ ಸ್ಕ್ಲೆರೋಸಸ್ ಎಂಬ ಮೂರನೆಯದು ಒಂದಿದೆ. ಚರ್ಮ ಬಿಳಿಚಿಕೊಂಡು, ತೆಳುವಾಗಿ, ಸಿಗರೇಟು ಕಾಗದದಂತೆ ಸುಕ್ಕಾಗುತ್ತದೆ. ರಾತ್ರಿ ನಿದ್ದೆ ಕೆಡಿಸುವ ತುರಿಕೆ. ಕೆರೆದಲ್ಲಿ ಸೀಳು, ರಕ್ತ. ಬಿಳುಪು ಗುದದ್ವಾರವನ್ನೂ ಸುತ್ತಿಕೊಳ್ಳಬಹುದು. ಬಿಟ್ಟರೆ ಒಳತುಟಿ ಹೊರತುಟಿಗೆ ಅಂಟಿಕೊಂಡು ಮಾಯವಾಗಬಹುದು. ಮುಟ್ಟು ನಿಂತವರಲ್ಲಿ ಇದು ಹೆಚ್ಚು, ಚಿಕ್ಕ ಹೆಣ್ಣುಮಕ್ಕಳಲ್ಲೂ ಬರುತ್ತದೆ. ಅಂಟುರೋಗವಲ್ಲ, ಆದರೆ ಕೆಲವರಲ್ಲಿ ಮುಂದೆ ಕ್ಯಾನ್ಸರ್‌ಗೆ ದಾರಿಯಾಗುವುದರಿಂದ ವೈದ್ಯರ ಕಣ್ಣಳತೆಯಲ್ಲೇ ಇರಬೇಕು.

ಲೈಕೆನ್ ಸ್ಕ್ಲೆರೋಸಸ್‌ಗೆ ವೈದ್ಯರು ಸಾಮಾನ್ಯವಾಗಿ ಬರೆಯುವುದು ಕ್ಲೊಬೆಟಸಾಲ್ ಎಂಬ ಬಲವಾದ ಸ್ಟೀರಾಯ್ಡ್ ಮುಲಾಮು. ಅಂಗಡಿಯವರು ಚೀಟಿಯಿಲ್ಲದೆ ಕೊಡುವ ‘ಎಲ್ಲಕ್ಕೂ ಒಂದೇ’ ಟ್ಯೂಬಿನಲ್ಲೂ ಎಷ್ಟೋ ಸಲ ಅದೇ ಇರುತ್ತದೆ, ಜೊತೆಗೆ ಫಂಗಸ್ ಔಷಧಿ, ಆಂಟಿಬಯಾಟಿಕ್. ಹುಳುಕಡ್ಡಿಗೆ ಅದನ್ನು ಹಚ್ಚಿದರೆ ಮೊದಲು ತಣ್ಣಗಾಗಿ, ಆಮೇಲೆ ತೊಡೆಸಂದಿಗೆಲ್ಲ ಹರಡುತ್ತದೆ. ರೂಪ ಬದಲಾಗಿ ವೈದ್ಯರಿಗೂ ಗುರುತು ಸಿಗುವುದು ಕಷ್ಟ. ಅಕ್ಕನಿಗೆ ಬರೆದುಕೊಟ್ಟ ಟ್ಯೂಬ್ ತಂಗಿಗೆ ಬೇಡ.

ವಾರಗಟ್ಟಲೆ ಮಾಯದ ಹುಣ್ಣು, ಗಟ್ಟಿ ಗಂಟು, ನರಹುಲಿಯಂತೆ ಒರಟಾಗಿ ಬೆಳೆಯುವುದು, ಹೊಸದಾಗಿ ಮೂಡಿದ ಇಲ್ಲವೇ ಅಂಚು, ಬಣ್ಣ ಬದಲಾದ ಮಚ್ಚೆ, ಮುಟ್ಟು ಪೂರ್ತಿ ನಿಂತುಹೋದ ಮೇಲೆ ರಕ್ತ: ಇಷ್ಟರಲ್ಲಿ ಒಂದು ಕಂಡರೂ ಮುಂದಿನ ತಿಂಗಳು ನೋಡೋಣ ಅನ್ನಬೇಡಿ. ಸ್ತ್ರೀರೋಗ ತಜ್ಞರಾದರೂ ಸರಿ, ಚರ್ಮದ ಡಾಕ್ಟರಾದರೂ ಸರಿ. ಬೇಕೆನಿಸಿದರೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಚೂರು ಚರ್ಮ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ.

ಅಲ್ಲಿಯವರೆಗೆ ಬರಿಯ ನೀರಿನಲ್ಲಿ ತೊಳೆಯಿರಿ. ಆಂಟಿಸೆಪ್ಟಿಕ್ ದ್ರಾವಣ, ಪರಿಮಳದ ವಾಶ್, ಬೇವಿನ ಸೋಪು ಯಾವುದೂ ಬೇಡ. ಈಗಾಗಲೇ ಹಚ್ಚಿದ ಟ್ಯೂಬಿದ್ದರೆ ಖಾಲಿಯಾಗಿದ್ದರೂ ಚೀಲದಲ್ಲಿ ಹಾಕಿಕೊಂಡು ಹೋಗಿ.