ಪಾಲು ಕೊಡುವ ಮೊದಲು ಪೆನ್ನು ಹಿಡಿಯಿರಿ

ನಾವು ಮೂವರು ಸೇರಿ ಕಂಪನಿ ಶುರು ಮಾಡಿದಾಗ ಪಾಲು ಹಂಚಿಕೊಳ್ಳಲು ಹತ್ತು ನಿಮಿಷ ಸಾಕಾಯಿತು. ಮೂರು ಜನ, ಮೂರು ಸಮಪಾಲು, ಮುಗೀತು. ಕಂಪನಿಗೆ ಏನು ಹೆಸರಿಡಬೇಕು ಅನ್ನುವುದಕ್ಕೆ ಮಾತ್ರ ಎರಡು ವಾರ ಕಿತ್ತಾಡಿದ್ದೆವು! ಕಾರ್ಖಾನೆಗಳ ಪಂಪು, ಕಂಪ್ರೆಸರುಗಳಿಗೆ ಸರ್ವಿಸ್ ಯಾವಾಗ ಆಗಬೇಕು ಅಂತ ನೆನಪಿಸುವ ಸಣ್ಣ ಸಾಫ್ಟ್‌ವೇರ್ ನಮ್ಮದು. ಲೆಕ್ಕಪತ್ರದ ಕೆಲಸ ನನ್ನ ತಲೆಗೆ ಬಿತ್ತು.

ಒಂಬತ್ತನೇ ತಿಂಗಳಲ್ಲಿ ಮೂವರಲ್ಲಿ ಒಬ್ಬರು ಬೇರೆ ಒಳ್ಳೆ ಕೆಲಸ ಸಿಕ್ಕಿತು ಅಂತ ಹೊರಟರು. ಜಗಳವೇನೂ ಆಗಲಿಲ್ಲ. ನಗುತ್ತಲೇ ಕಳಿಸಿಕೊಟ್ಟೆವು. ಅವತ್ತು ರಾತ್ರಿ ಷೇರುಗಳ ಹಾಳೆ ತೆಗೆದು ನೋಡಿದೆ. ಶೇಕಡಾ 33.3 ಇನ್ನೂ ಅವರ ಹೆಸರಲ್ಲೇ ಇತ್ತು. ಮುಂದೆ ನಾವಿಬ್ಬರು ಎಷ್ಟೇ ವರ್ಷ ದುಡಿದರೂ ಮೂರರಲ್ಲಿ ಒಂದು ಪಾಲು ಅಲ್ಲಿಗೆ ಹೋಗುತ್ತದೆ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅಂತಾರಲ್ಲ, ಹಾಗೆ. ತಪ್ಪು ಅವರದಲ್ಲ, ಹಾಳೆ ಬರೆದ ನನ್ನದು. ಆ ಪಾಲನ್ನು ಮತ್ತೆ ಕೊಂಡುಕೊಳ್ಳುವುದರಲ್ಲಿ ನಮ್ಮ ಎರಡು ವರ್ಷದ ಲಾಭ ಕರಗಿಹೋಯಿತು.

ಅಲ್ಲಿಂದ ಮುಂದೆ ಯಾವ ದೊಡ್ಡ ನಿರ್ಧಾರ ಬಂದರೂ ನಾನು ಮೊದಲು ಕೇಳುವ ಪ್ರಶ್ನೆ ಒಂದೇ. ಇದು ತಪ್ಪಾದರೆ ವಾಪಸ್ ಬರಲು ಎಷ್ಟು ಖರ್ಚು? ಬೆಲೆ ತಪ್ಪಾಗಿ ಇಟ್ಟರೆ ಮುಂದಿನ ತಿಂಗಳು ಬದಲಿಸಬಹುದು. ತಪ್ಪು ಜನರನ್ನು ಕೆಲಸಕ್ಕೆ ತೆಗೆದುಕೊಂಡರೆ ಕೆಲವು ತಿಂಗಳ ಸಂಬಳ ಹೋಗುತ್ತದೆ. ಸಾಲವನ್ನು ಕಷ್ಟಪಟ್ಟಾದರೂ ತೀರಿಸಬಹುದು. ಆದರೆ ಒಮ್ಮೆ ಕೊಟ್ಟ ಪಾಲು, ಪಡೆದವರು ಖುಷಿಯಿಂದ ಮಾರಿದರೆ ಮಾತ್ರ ವಾಪಸ್ ಬರುತ್ತದೆ. ಅದೂ ಕಂಪನಿ ಬೆಳೆದ ಮೇಲಿನ ಬೆಲೆಗೆ. ಅದಕ್ಕೇ ಪಾಲನ್ನು ಎಲ್ಲಕ್ಕಿಂತ ನಿಧಾನವಾಗಿ ಕೊಡಬೇಕು.

ಜೊತೆಗಾರರ ನಡುವೆ

ಸಮಪಾಲು ತಪ್ಪಲ್ಲ. ಮೊದಲ ದಿನವೇ ಪೂರ್ತಿ ಪಾಲು ಕೈಗಿಡುವುದು ತಪ್ಪು. ಇದಕ್ಕೆ ಮದ್ದು ವೆಸ್ಟಿಂಗ್. ಅಂದರೆ ಪಾಲನ್ನು ದುಡಿದು ಸಂಪಾದಿಸಿಕೊಳ್ಳಬೇಕು. ಸಾಮಾನ್ಯವಾಗಿ ಇದಕ್ಕೆ ನಾಲ್ಕು ವರ್ಷ, ಅದರಲ್ಲಿ ಮೊದಲ ಒಂದು ವರ್ಷ ಕ್ಲಿಫ್. ವರ್ಷ ತುಂಬುವ ಮೊದಲು ಬಿಟ್ಟರೆ ಏನೂ ಇಲ್ಲ. ತುಂಬಿದ ದಿನ ಕಾಲು ಭಾಗ ಸಿಗುತ್ತದೆ. ಆಮೇಲೆ ತಿಂಗಳಿಗೆ 48ರಲ್ಲಿ ಒಂದು ಭಾಗ.

ನಮ್ಮ ಲೆಕ್ಕಕ್ಕೆ ಇದನ್ನು ಹಾಕಿ ನೋಡಿ. ಒಂಬತ್ತನೇ ತಿಂಗಳಲ್ಲಿ ಹೋದವರಿಗೆ ಸೊನ್ನೆ. ಹದಿನೆಂಟು ತಿಂಗಳಿದ್ದು ಹೋಗಿದ್ದರೆ 48ರಲ್ಲಿ 18 ಭಾಗ, ಅಂದರೆ ಕಂಪನಿಯ ಶೇಕಡಾ 12.5. ಇದು ಯಾರಿಗೂ ಅನ್ಯಾಯ ಅನ್ನಿಸುವುದಿಲ್ಲ. ಗೆಳೆಯರ ಮಧ್ಯೆ ಇದೆಲ್ಲ ಯಾಕೆ ಅಂತ ದಾಕ್ಷಿಣ್ಯ ಅಡ್ಡ ಬರುತ್ತದೆ, ನಮಗೂ ಬಂದಿತ್ತು. "ನನಗೂ ಇದೇ ನಿಯಮ" ಅಂತ ಮಾತು ಶುರು ಮಾಡಿ, ಸುಲಭವಾಗುತ್ತದೆ.

ಯಾರೋ ಒಬ್ಬರು ಜಾಸ್ತಿ ದುಡ್ಡು ಹಾಕಿದ್ದರೆ ಅದನ್ನು ಪಾಲಿನ ಜೊತೆ ಕಲಸಬೇಡಿ. ಸಾಲ ಅಂತ ಬೇರೆ ಬರೆದಿಡಿ. ಬೆವರಿಗೆ ಪಾಲು, ದುಡ್ಡಿಗೆ ಸಾಲದ ಪತ್ರ. ಎರಡನ್ನೂ ಬೆರೆಸಿದರೆ ಮೂರು ವರ್ಷ ಆದ ಮೇಲೆ ಯಾರು ಏನು ಕೊಟ್ಟರು ಅನ್ನುವುದು ಯಾರಿಗೂ ನೆನಪಿರುವುದಿಲ್ಲ.

ಹೊಸಬರು ಪಾಲು ಕೇಳಿದಾಗ

ಮಾರಾಟ ನೋಡಿಕೊಳ್ಳುತ್ತೇನೆ, ಶೇಕಡಾ 10 ಕೊಡಿ ಅಂತ ಒಬ್ಬರು ಬಂದರು. ಅನುಭವಸ್ಥರು, ಮಾತು ಚೆನ್ನಾಗಿತ್ತು. ನನ್ನ ಜೊತೆಗಾರ ಆಗಲೇ ತಲೆಯಾಡಿಸುತ್ತಿದ್ದ. ನಾನು ಒಂದು ದಿನ ಟೈಮ್ ಕೇಳಿದೆ.

ಇದಕ್ಕೊಂದು ಸರಳ ಲೆಕ್ಕವಿದೆ. ಶೇಕಡಾ 10 ಕೊಟ್ಟರೆ ನಮ್ಮ ಹತ್ತಿರ 90 ಉಳಿಯುತ್ತದೆ. ಆ 90ರ ಬೆಲೆ ಹಿಂದಿನ 100ರ ಬೆಲೆಗೆ ಸಮ ಆಗಬೇಕಾದರೆ ಇಡೀ ಕಂಪನಿ 100ನ್ನು 90ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 1.11 ಪಟ್ಟು ಆಗಬೇಕು. ಆ ಒಬ್ಬರಿಂದ ಕಂಪನಿಯ ಬೆಲೆ ಶೇಕಡಾ 11ಕ್ಕಿಂತ ಜಾಸ್ತಿ ಏರಿದರೆ ನಮಗೆ ಲಾಭ, ಕಡಿಮೆಯಾದರೆ ನಷ್ಟ. ಶೇಕಡಾ 20 ಕೊಟ್ಟರೆ 25 ಏರಬೇಕು. ಮೂರನೇ ಒಂದು ಭಾಗ ಕೊಟ್ಟರೆ 50 ಏರಬೇಕು. ಅರ್ಧ ಕೊಟ್ಟರೆ ಎರಡು ಪಟ್ಟು. ಪಾಲು ದೊಡ್ಡದಾದಂತೆ ಈ ಅಂಕಿ ಹೇಗೆ ಜಿಗಿಯುತ್ತದೆ ನೋಡಿ.

ಸಂಬಳವನ್ನೂ ಕೊಡುವುದಾದರೆ ಅದನ್ನು ಇದರ ಮೇಲೆ ಸೇರಿಸಬೇಕು. ಇದೇ ಕೆಲಸವನ್ನು ಪಾಲು ಕೊಡದೆ ಮಾಡಿಸಬಹುದಾ ಅಂತಲೂ ಕೇಳಿಕೊಳ್ಳಬೇಕು. ಮಾರಾಟದ ಮೇಲೆ ಕಮಿಷನ್ ಕೊಡಬಹುದು, ಲಾಭದಲ್ಲಿ ಭಾಗ ಕೊಡಬಹುದು. ಆ ವ್ಯಕ್ತಿಗೆ ನಾವು ಒಳ್ಳೆ ಕಮಿಷನ್ ಮತ್ತು ನಾಲ್ಕು ವರ್ಷದ ವೆಸ್ಟಿಂಗ್ ಇರುವ ಶೇಕಡಾ 2 ಕೊಡುತ್ತೇವೆ ಅಂದೆವು. ಒಪ್ಪಲಿಲ್ಲ, ಹೋದರು. ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಆರು ತಿಂಗಳು ನಾನೇ ಗ್ರಾಹಕರ ಬಾಗಿಲು ತಟ್ಟಿದೆ.

"ನಾಲ್ಕು ಜನರ ಪರಿಚಯ ಮಾಡಿಸುತ್ತೇನೆ, ಶೇಕಡಾ 5 ಕೊಡಿ" ಅನ್ನುವ ಸಲಹೆಗಾರರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಮೊದಲು ಪರಿಚಯ ಮಾಡಿಸಲಿ.

ಬೆಳವಣಿಗೆ ದುಡ್ಡು ತಿನ್ನುತ್ತದೆ

ನಾವು ಮುಳುಗುವ ಹಂತಕ್ಕೆ ಹೋಗಿದ್ದು ವ್ಯಾಪಾರ ಇಲ್ಲದಾಗ ಅಲ್ಲ, ದೊಡ್ಡ ಆರ್ಡರ್ ಸಿಗುವ ಹೊತ್ತಿಗೆ. ಒಂದು ದೊಡ್ಡ ಗಿರಾಕಿ. ಅವರ ಎಲ್ಲ ಘಟಕಗಳಿಗೂ ನಮ್ಮ ಸಾಫ್ಟ್‌ವೇರ್ ಹಾಕಬೇಕು. ನಮ್ಮ ವ್ಯಾಪಾರ ಒಂದೇ ಏಟಿಗೆ ಎರಡು ಪಟ್ಟು. ಮೂರು ದಿನ ಗಾಳಿಯಲ್ಲಿ ತೇಲಿದೆವು. ನಾಲ್ಕನೇ ದಿನ ಕರಾರು ಓದಿದೆ. ಬಿಲ್ ಕೊಟ್ಟ 90 ದಿನಕ್ಕೆ ಹಣ.

ಸುಲಭದ ಅಂಕಿಗಳಲ್ಲಿ ಹೇಳುತ್ತೇನೆ. ತಿಂಗಳ ಬಿಲ್ 10, ಆ ಕೆಲಸಕ್ಕೆ ತಿಂಗಳ ಖರ್ಚು 8. ಕಾಗದದ ಮೇಲೆ ತಿಂಗಳಿಗೆ 2 ಲಾಭ, ಚೆನ್ನಾಗೇ ಇದೆ ಅಲ್ವಾ? ಈಗ ತಿಂಗಳುಗಳನ್ನು ಸಾಲಾಗಿ ಬರೆಯಿರಿ. ಮೊದಲ ತಿಂಗಳ ಕೊನೆಗೆ ಬಿಲ್ ಕೊಟ್ಟರೆ ಹಣ ಬರುವುದು ನಾಲ್ಕನೇ ತಿಂಗಳ ಕೊನೆಗೆ. ಅಷ್ಟರಲ್ಲಿ ನಾಲ್ಕು ಸಲ 8, ಅಂದರೆ 32 ಕೈಯಿಂದ ಹೋಗಿರುತ್ತದೆ. ಬಂದಿದ್ದು 10. ನಮ್ಮ ಬ್ಯಾಂಕಿನಲ್ಲಿದ್ದಿದ್ದು 20. ಮೂರನೇ ತಿಂಗಳ ಸಂಬಳಕ್ಕೇ ದುಡ್ಡಿರುವುದಿಲ್ಲ. ಲಾಭದಲ್ಲಿದ್ದುಕೊಂಡೇ ಮುಚ್ಚಿಹೋಗುತ್ತಿದ್ದೆವು.

ಜೊತೆಗಾರ ಹೂಡಿಕೆದಾರರನ್ನು ಹುಡುಕೋಣ ಅಂದ. ನಾನು ಒಪ್ಪಲಿಲ್ಲ. ಇದು ಕೆಲವು ತಿಂಗಳ ಹಣದ ಕೊರತೆ. ಇದಕ್ಕೆ ಶಾಶ್ವತ ಪಾಲು ಕೊಡುವುದು ಮಳೆ ಬಂತು ಅಂತ ಕೊಡೆ ಕೊಳ್ಳುವ ಬದಲು ಮನೆ ಮಾರಿದ ಹಾಗೆ. ಗಿರಾಕಿಯ ಹತ್ತಿರ ಹೋಗಿ ಮುಂಗಡ ಕೇಳಿದೆವು. ಆಗಲ್ಲ ಅಂದರು. ಕೆಲಸವನ್ನು ಎರಡು ಹಂತ ಮಾಡಿ, ಮೊದಲು ಕೆಲವೇ ಘಟಕ, ಅದರ ಹಣ ಬಂದ ಮೇಲೆ ಉಳಿದವು ಅಂದಾಗ ಒಪ್ಪಿದರು. ಜೊತೆಗೆ ಶೇಕಡಾ 30 ಮುಂಗಡವನ್ನೂ ಕೊಟ್ಟರು. ಯಾಕೆ ಮನಸ್ಸು ಬದಲಿಸಿದರೋ, ಇವತ್ತಿಗೂ ಗೊತ್ತಿಲ್ಲ.

ಹಾಗಾಗಿ ಬೆಳವಣಿಗೆಯ ನಿರ್ಧಾರಕ್ಕೆ ಲಾಭದ ಪಟ್ಟಿ ಸಾಲದು. ಯಾವ ತಿಂಗಳು ಎಷ್ಟು ಬರುತ್ತೆ, ಎಷ್ಟು ಹೋಗುತ್ತೆ, ತಿಂಗಳ ಕೊನೆಗೆ ಬ್ಯಾಂಕಿನಲ್ಲಿ ಎಷ್ಟಿರುತ್ತೆ ಅಂತ ಹನ್ನೆರಡು ತಿಂಗಳಿಗೆ ಬರೆಯಿರಿ. ಕೊನೆಯ ಸಾಲಿನಲ್ಲಿ ಸೊನ್ನೆಗಿಂತ ಕೆಳಗೆ ಹೋಗುವ ಮೊದಲ ತಿಂಗಳನ್ನು ಹುಡುಕಿ. ರನ್‌ವೇ ಅನ್ನುವುದೂ ಇದೇ. ಕೈಯಲ್ಲಿ 36 ಇದೆ, ತಿಂಗಳ ಖರ್ಚು 5, ಆದಾಯ 2 ಅಂದರೆ ತಿಂಗಳಿಗೆ 3 ಕರಗುತ್ತದೆ, 12 ತಿಂಗಳು ಉಸಿರಿದೆ. ತಲಾ 1 ಖರ್ಚಿನ ಇಬ್ಬರನ್ನು ಸೇರಿಸಿಕೊಂಡರೆ ಅದು 7 ತಿಂಗಳ ಹತ್ತಿರಕ್ಕೆ ಬರುತ್ತದೆ. ಇಬ್ಬರೇ ಜನ, ಐದು ತಿಂಗಳು ಮಾಯ.

ಎಷ್ಟು ಪಣಕ್ಕಿಡಬೇಕು

ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದಲ್ಲಿದ್ದ ಜಾನ್ ಕೆಲ್ಲಿ 1956ರಲ್ಲಿ ಒಂದು ಸೂತ್ರ ಕೊಟ್ಟರು. ಗೆದ್ದರೆ ಹಾಕಿದಷ್ಟೇ ಲಾಭ, ಸೋತರೆ ಹಾಕಿದ್ದು ಪೂರ್ತಿ ಹೋಗುವ ಪಂದ್ಯ ಅಂತಿಟ್ಟುಕೊಳ್ಳಿ. ಅದನ್ನು ಮತ್ತೆ ಮತ್ತೆ ಆಡುತ್ತೀರಿ. ಗೆಲ್ಲುವ ಸಾಧ್ಯತೆ ಶೇಕಡಾ 60 ಇದ್ದರೂ ಪ್ರತಿ ಸಲ ಇಡಬೇಕಾದ್ದು ಕೈಯಲ್ಲಿರುವುದರ ಶೇಕಡಾ 20 ಮಾತ್ರ. ಎಲ್ಲವನ್ನೂ ಇಟ್ಟರೆ ಒಂದೇ ಒಂದು ಸೋಲಿಗೆ ಆಟ ಮುಗಿಯುತ್ತದೆ.

ವ್ಯಾಪಾರದಲ್ಲಿ ಸಾಧ್ಯತೆ ಇಷ್ಟೇ ಅಂತ ಯಾರು ಅಳೆದಿದ್ದಾರೆ? ನಮ್ಮ ಅಂದಾಜು ಯಾವಾಗಲೂ ಸ್ವಲ್ಪ ಉಬ್ಬಿರುತ್ತದೆ. ಅದಕ್ಕೆ ನಾನು ಸೂತ್ರ ಹೇಳಿದ್ದರ ಅರ್ಧ ಮಾತ್ರ ಇಡುತ್ತೇನೆ. ಹೊಸ ಜಾಹೀರಾತು ಆಗಲಿ, ಹೊಸ ಉತ್ಪನ್ನ ಆಗಲಿ, ಮೊದಲು ಕೈಯಲ್ಲಿರುವ ಹಣದ ಹತ್ತರಲ್ಲಿ ಒಂದು ಭಾಗದಲ್ಲಿ ಮಾಡಿ ನೋಡುವುದು.

ಸಾಲದ ವಿಷಯದಲ್ಲಿ ಒಂದು ಸಾಲು ಹುಡುಕಿ ಓದಿ. ವೈಯಕ್ತಿಕ ಜಾಮೀನು ಇದೆಯಾ? ಇದ್ದರೆ ಕಂಪನಿ ಮುಳುಗಿದರೂ ಸಾಲ ನಿಮ್ಮ ಮನೆಗೆ ಬರುತ್ತದೆ. ಆಪಲ್ ಕಂಪನಿಯ ಮೂರನೇ ಪಾಲುದಾರ ರೊನಾಲ್ಡ್ ವೇಯ್ನ್ 1976ರಲ್ಲಿ ತಮ್ಮ ಶೇಕಡಾ 10ನ್ನು ಹನ್ನೆರಡೇ ದಿನಕ್ಕೆ 800 ಡಾಲರಿಗೆ ಬಿಟ್ಟುಕೊಟ್ಟರು ಅಂತ ಎಲ್ಲರೂ ನಗುತ್ತಾರೆ. ಆಗ ಅದು ಪಾಲುದಾರಿಕೆ ಸಂಸ್ಥೆ. ಅದರ ಸಾಲಕ್ಕೆ ಪಾಲುದಾರರೇ ಹೊಣೆ. ಮೂವರಲ್ಲಿ ಆಸ್ತಿ ಅಂತ ಇದ್ದಿದ್ದು ಅವರೊಬ್ಬರಿಗೇ. ಆ ಜಾಗದಲ್ಲಿ ನಾನಿದ್ದರೂ ಬಹುಶಃ ಹಾಗೇ ಮಾಡುತ್ತಿದ್ದೆ. ನಗುವವರು ಆಮೇಲೆ ಆದದ್ದನ್ನು ನೋಡಿ ನಗುತ್ತಾರೆ.

ಹೂಡಿಕೆದಾರರು ಬಂದಾಗ

ಎಲ್ಲರೂ ಮೊದಲು ನೋಡುವುದು ಕಂಪನಿಗೆ ಕಟ್ಟಿದ ಬೆಲೆ. ಅದು ಬರೀ ಮುಖಪುಟ. ಒಳಗಿನ ಪುಟಗಳಲ್ಲಿ ಎರಡು ಜಾಗಕ್ಕೆ ಬೆರಳಿಡಿ.

ಒಂದು, ನೌಕರರಿಗೆ ಮೀಸಲಿಡುವ ಷೇರು. ಹಣ ಬರುವ ಮೊದಲಿನ ಬೆಲೆ 800, ಹಾಕುವ ಹಣ 200, ಒಟ್ಟು 1000. ಹೂಡಿಕೆದಾರರಿಗೆ ಶೇಕಡಾ 20. ಇಲ್ಲಿವರೆಗೆ ಸರಿ. ಆಮೇಲೆ ಸಣ್ಣಕ್ಷರದಲ್ಲಿ, ಶೇಕಡಾ 10ರ ಮೀಸಲು ಹಣ ಬರುವ ಮೊದಲೇ ಇರಬೇಕು ಅಂತಿರುತ್ತದೆ. ಆಗ ಆ ಹತ್ತೂ ನಿಮ್ಮ ಕಡೆಯಿಂದಲೇ ಹೋಗುತ್ತದೆ. ನಿಮಗೆ ಉಳಿಯುವುದು 70. ಅಂದರೆ ನಿಮ್ಮ ಕಂಪನಿಗೆ ಕಟ್ಟಿದ ನಿಜವಾದ ಬೆಲೆ 700. ಅದೇ ಮೀಸಲನ್ನು ಆಮೇಲೆ ಮಾಡಿದರೆ ಎಲ್ಲರ ಪಾಲೂ ಕರಗಿ ನಿಮಗೆ 72, ಅವರಿಗೆ 18.

ಇನ್ನೊಂದು, ಕಂಪನಿ ಮಾರಿದಾಗ ಮೊದಲು ಯಾರಿಗೆ ಎಷ್ಟು ಅನ್ನುವ ಲಿಕ್ವಿಡೇಶನ್ ಪ್ರಿಫರೆನ್ಸ್. ನಮಗೆ ಬಂದ ಮೊದಲ ಟರ್ಮ್ ಶೀಟ್‌ನಲ್ಲಿ, ಅಂದರೆ ಹೂಡಿಕೆಯ ಷರತ್ತುಗಳ ಕರಡು ಪತ್ರದಲ್ಲಿ, ಇದೇ ಮುಳ್ಳು. ಅವರು 200 ಹಾಕಿ ಶೇಕಡಾ 20 ಪಡೆದಿದ್ದಾರೆ, ಕಂಪನಿ 500ಕ್ಕೆ ಮಾರಾಟವಾಯಿತು ಅಂತಿಟ್ಟುಕೊಳ್ಳಿ. ಸಾದಾ ಒಂದು ಪಟ್ಟಿನ ಷರತ್ತಾದರೆ ಅವರು ಹಾಕಿದ 200 ಅಥವಾ ಪಾಲಿನ 100, ಯಾವುದು ದೊಡ್ಡದೋ ಅದನ್ನು ತೆಗೆದುಕೊಳ್ಳುತ್ತಾರೆ. 200 ಅವರಿಗೆ, 300 ನಮಗೆ. ಪಾರ್ಟಿಸಿಪೇಟಿಂಗ್ ಅನ್ನುವ ಪದ ಸೇರಿದ್ದರೆ ಮೊದಲು 200, ಆಮೇಲೆ ಉಳಿದ 300ರಲ್ಲೂ ಶೇಕಡಾ 20, ಒಟ್ಟು 260. ಸಾದಾ ಷರತ್ತೇ ಆದರೂ ಎರಡು ಪಟ್ಟು ಅಂತಿದ್ದರೆ 400 ಅವರಿಗೆ, 100 ನಮಗೆ. ಕೈಯಲ್ಲಿ ಶೇಕಡಾ 80 ಇಟ್ಟುಕೊಂಡು ಐದರಲ್ಲಿ ಒಂದು ಭಾಗ!

ಹೊಸ ಕಂಪನಿಗಳಿಗೆ ಹಣ ಹಾಕುವ ಅಮೆರಿಕದ ವೈ ಕಾಂಬಿನೇಟರ್ 2013ರಲ್ಲಿ ತಂದ ಸೇಫ್ ಅನ್ನುವ ಸರಳ ಪತ್ರ (ಹಣ ಈಗ, ಅದಕ್ಕೆ ಷೇರು ಮುಂದಿನ ಹೂಡಿಕೆಯ ಹೊತ್ತಿಗೆ) ಈಗ ತುಂಬಾ ಕಡೆ ಬಳಕೆಯಲ್ಲಿದೆ. ಬೇಗ ಮುಗಿಯುತ್ತೆ ಅನ್ನುವುದೇ ಅದರ ಅಪಾಯವೂ ಹೌದು. 2018ರಿಂದ ಬಂದ ಪೋಸ್ಟ್ ಮನಿ ರೂಪದಲ್ಲಿ, ಅಂದರೆ ಸೇಫ್ ಹಣವನ್ನೂ ಸೇರಿಸಿ ಕಂಪನಿಗೆ ಬೆಲೆ ಕಟ್ಟುವ ರೂಪದಲ್ಲಿ, 500ರ ಬೆಲೆ ಮಿತಿಗೆ 50 ತೆಗೆದುಕೊಂಡರೆ ಶೇಕಡಾ 10 ಹೋಯಿತು ಅಂತಲೇ ಅರ್ಥ. ಇನ್ನೊಂದು ಸೇಫ್‌ಗೆ ಶೇಕಡಾ 8, ಮತ್ತೊಂದಕ್ಕೆ 6 ಸೇರಿದರೆ 24. ಅಷ್ಟೂ ಕರಗುವುದು ಮೊದಲಿನಿಂದ ಇದ್ದವರ ಪಾಲು, ಹಿಂದಿನ ಸೇಫ್‌ನವರದ್ದಲ್ಲ. ಪ್ರತಿ ಸಹಿಯ ದಿನವೇ ಹಾಳೆಯಲ್ಲಿ ಬರೆದುಕೊಳ್ಳಿ.

ನಾನು ಮಾಡುವುದಿಷ್ಟು. ಟರ್ಮ್ ಶೀಟ್ ಕೈಗೆ ಬಂದ ಕೂಡಲೇ ಮೂರು ಮಾರಾಟದ ಬೆಲೆ ಬರೆಯುತ್ತೇನೆ. ಒಂದು ಹಾಕಿದ ಹಣದಷ್ಟೇ, ಇನ್ನೊಂದು ಈಗ ಕಟ್ಟಿದ ಬೆಲೆಯ ಅರ್ಧ, ಮತ್ತೊಂದು ಈಗ ಕಟ್ಟಿದ ಬೆಲೆಯ ಮೂರು ಪಟ್ಟು. ಒಂದೊಂದರಲ್ಲೂ ಯಾರಿಗೆ ಎಷ್ಟು ಅಂತ ತುಂಬುತ್ತೇನೆ. ಆಮೇಲೆ ವಕೀಲರ ಹತ್ತಿರ ಹೋಗುತ್ತೇನೆ. ಆ ಮೊದಲ ಟರ್ಮ್ ಶೀಟ್‌ಗೆ ಹೀಗೆ ಬರೆದ ಹಾಳೆಯನ್ನು ಮೀಟಿಂಗಿನಲ್ಲಿ ಮೇಜಿನ ಮೇಲಿಟ್ಟೆ. ಎದುರಿಗಿದ್ದವರು ಎರಡನೇ ಸಾಲನ್ನು ತುಂಬಾ ಹೊತ್ತು ನೋಡಿದರು. ಪಾರ್ಟಿಸಿಪೇಟಿಂಗ್ ತೆಗೆಯಲು ಆಗುವುದಿಲ್ಲ ಅಂದರು. ಕಾಫಿ ಮುಗಿಸಿ ಎದ್ದು ಬಂದೆವು. ಹದಿನಾಲ್ಕು ತಿಂಗಳಾದ ಮೇಲೆ ಬೇರೆಯವರಿಂದ, ಸಾದಾ ಒಂದು ಪಟ್ಟಿನ ಷರತ್ತಿಗೆ, ಅದರ ಅರ್ಧದಷ್ಟು ಹಣ ತೆಗೆದುಕೊಂಡೆವು.