ಆಂಟಿವೈರಸ್ ಬದಲಿಸಿದ ಮೇಲೆ ಹೋದ ವಿಂಡೋಸ್ ಆಕ್ಟಿವೇಷನ್: ಫಾರ್ಮ್ಯಾಟ್ ಮಾಡದೆ ಸರಿಪಡಿಸಿದ ನನ್ನ ಅನುಭವ

ಒಂದು ಕಚೇರಿಯ ಎಂಟು ಕಂಪ್ಯೂಟರ್‌ಗಳಲ್ಲಿ ವಿಂಡೋಸ್ ಆಕ್ಟಿವೇಷನ್, ಅಂದರೆ ಲೈಸೆನ್ಸ್ ಸರಿಯಿದೆ ಎಂದು ಮೈಕ್ರೋಸಾಫ್ಟ್ ಕೊಡುವ ಒಪ್ಪಿಗೆ, ಹೋಗಿಬಿಟ್ಟಿತ್ತು. ಫಾರ್ಮ್ಯಾಟ್ ಮಾಡದೆ, ಅಂದರೆ ಡಿಸ್ಕ್ ಅಳಿಸಿ ವಿಂಡೋಸ್ ಮತ್ತೆ ಹಾಕದೆ, ಇದು ಸರಿಹೋಗುವುದಿಲ್ಲ ಎಂದು ಮೂವರು ಹೇಳಿದ್ದರು. ಮೂವರೂ ಈ ಕೆಲಸದಲ್ಲಿ ನನಗಿಂತ ಪಳಗಿದವರು. ಅವರಲ್ಲಿ ಒಬ್ಬರು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇಪ್ಪತ್ತು ವರ್ಷದಿಂದ ಅಂಗಡಿ ನಡೆಸುತ್ತಿರುವವರು. "ಒಂದು ಸಿಸ್ಟಮ್‌ಗೆ ಒಂದೂವರೆ ಗಂಟೆ ಸಾಕಪ್ಪಾ, ಫಾರ್ಮ್ಯಾಟ್ ಹೊಡೆದು ಕಳಿಸು. ಇದರ ಹಿಂದೆ ಬಿದ್ದು ವಾರ ಕಳೆಯುತ್ತೀಯಲ್ಲ" ಎಂದು ಫೋನಿನಲ್ಲೇ ಬೈದರು. ಆ ಎಂಟು ಸಿಸ್ಟಮ್‌ಗಳಲ್ಲಿ ಒಂದನ್ನೂ ನಾನು ಫಾರ್ಮ್ಯಾಟ್ ಮಾಡಲಿಲ್ಲ. ಎಂಟೂ ಸರಿಹೋದವು, ಎರಡು ವರ್ಷ ದಾಟಿದರೂ ಒಂದರಲ್ಲೂ ಆ ತೊಂದರೆ ಮರುಕಳಿಸಿಲ್ಲ.

ನನ್ನ ಅಂಗಡಿ ತಿಪಟೂರಿನಲ್ಲಿದೆ. ಕೊಬ್ಬರಿ ಮಂಡಿಯವರ ಲೆಕ್ಕ ನೋಡುವ ಒಬ್ಬ ಆಡಿಟರ್ ಕಚೇರಿಯಲ್ಲಿ ಹನ್ನೊಂದು ಸಿಸ್ಟಮ್‌ಗಳಿವೆ. ಏಳು ಕಂಪನಿಯಿಂದ ಬಂದ ಡೆಸ್ಕ್‌ಟಾಪ್‌ಗಳು, ನಾಲ್ಕು ಅಸೆಂಬಲ್ ಮಾಡಿದವು. ಎಲ್ಲದರಲ್ಲೂ ವಿಂಡೋಸ್ 10 ಪ್ರೊ. 2023ರ ಸೆಪ್ಟೆಂಬರ್‌ನಲ್ಲಿ ಅವರ ಹಳೆಯ ಆಂಟಿವೈರಸ್‌ನ ಅವಧಿ ಮುಗಿಯಿತು. ಬೇರೆ ಕಂಪನಿಯದು ಕಡಿಮೆಗೆ ಸಿಗುತ್ತದೆ ಎಂದು ನಾನೇ ಹೇಳಿ, ಮೂರು ಸಿಸ್ಟಮ್‌ಗೆ ಒಂದರಂತೆ ನಾಲ್ಕು ಪ್ಯಾಕ್ ತಂದೆ. ಒಟ್ಟು ಐದೂವರೆ ಸಾವಿರದ ಸುತ್ತ ಆಗಿರಬೇಕು. ಕೂಲಿ ಸಿಸ್ಟಮ್‌ಗೆ 150. ಭಾನುವಾರ ಸಂಜೆ ಹೋಗಿ ರಾತ್ರಿ ಹತ್ತಕ್ಕೆ ಮುಗಿಸಿ ಬಂದೆವು.

ಬುಧವಾರ ಬೆಳಿಗ್ಗೆ ಅಲ್ಲಿನ ಹಿರಿಯ ಗುಮಾಸ್ತರ ಫೋನ್. "ಸರ್, ಪರದೆಯ ಕೆಳಗೆ ಬಲಮೂಲೆಯಲ್ಲಿ ಬೂದು ಬಣ್ಣದ ಬರಹ ಬಂದಿದೆ. ಏನು ಮಾಡಿದರೂ ಹೋಗುತ್ತಿಲ್ಲ." "ಆಕ್ಟಿವೇಟ್ ವಿಂಡೋಸ್" ಎಂಬ ಬರಹ ಅದು. ನಾನು ಹೋಗಿ ನೋಡುವಷ್ಟರಲ್ಲಿ ಐದು ಸಿಸ್ಟಮ್‌ಗಳಲ್ಲಿ ಬಂದಿತ್ತು. ಮುಂದಿನ ಮೂರು ದಿನಗಳಲ್ಲಿ ಇನ್ನೂ ಮೂರರಲ್ಲಿ ಬಂತು. ಟ್ಯಾಕ್ಸ್ ಆಡಿಟ್‌ನ ಗಡುವು 30ಕ್ಕೆ. ಪ್ರತಿ ಸಿಸ್ಟಮ್‌ನಲ್ಲೂ ಟ್ಯಾಲಿ, ನುಡಿ, ಡಿಜಿಟಲ್ ಸಹಿಯ ಟೋಕನ್ ಡ್ರೈವರ್, ಮೂರು ಬಗೆಯ ಪ್ರಿಂಟರ್. ಫಾರ್ಮ್ಯಾಟ್ ಮಾಡಿದರೆ ಇದನ್ನೆಲ್ಲ ಮತ್ತೆ ಹಾಕಬೇಕು. ಒಂದೂವರೆ ಗಂಟೆ ಎನ್ನುವವರು ಇದನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ. ನನ್ನ ಲೆಕ್ಕದಲ್ಲಿ ಸಿಸ್ಟಮ್‌ಗೆ ಐದು ಗಂಟೆ.

ಮೊದಲ ಮೂರು ದಿನ ನಾನು ಮಾಡಿದ್ದೆಲ್ಲ ತಪ್ಪು. ಸೆಟ್ಟಿಂಗ್ಸ್‌ನ ಟ್ರಬಲ್‌ಶೂಟ್ ಒತ್ತಿದೆ, ಇದ್ದ ಲೈಸೆನ್ಸ್ ಕೀಯನ್ನೇ ಮತ್ತೆ ಹಾಕಿದೆ, ಹಾಳಾದ ವಿಂಡೋಸ್ ಫೈಲ್‌ಗಳನ್ನು ಸರಿಪಡಿಸುವ ಎಸ್‌ಎಫ್‌ಸಿ ಓಡಿಸಿದೆ. ಅದೇ ಬಗೆಯ ಡಿಸ್ಮ್ ರೀಸ್ಟೋರ್‌ಹೆಲ್ತ್ ಅನ್ನು ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟು ಓಡಿಸಿದರೆ ಒಂದೊಂದಕ್ಕೆ ನಲವತ್ತು ನಿಮಿಷ. ಎರಡರಲ್ಲಿ ಹಾಳಾದ ಫೈಲ್‌ಗಳು ರಿಪೇರಿ ಆದವು ಎಂದು ಬಂತು, ಬೂದು ಬರಹ ಮಾತ್ರ ಅಲ್ಲೇ ಇತ್ತು. ಬೇಸತ್ತು ಒಂದು ಸಿಸ್ಟಮ್‌ನಲ್ಲಿ ಆಕ್ಟಿವೇಷನ್ ವಿವರ ಇರುವ ಟೋಕನ್ಸ್ ಡಾಟ್ ಡ್ಯಾಟ್ ಫೈಲಿನ ಹೆಸರು ಬದಲಿಸಿ, ಲೈಸೆನ್ಸ್ ಫೈಲ್‌ಗಳನ್ನು ಮತ್ತೆ ಹಾಕುವ ಆರ್‌ಐಎಲ್‌ಸಿ ಆದೇಶ ಕೊಟ್ಟೆ. ಅದನ್ನು ಮಾಡಿದರೆ ಕೀ ಮತ್ತೆ ಹಾಕಬೇಕಾಗುತ್ತದೆ. ಮೊದಲೇ ಕೀ ಬರೆದಿಟ್ಟುಕೊಳ್ಳಲಿಲ್ಲ. ಬಯೋಸ್‌ನಲ್ಲಿ, ಅಂದರೆ ಮದರ್‌ಬೋರ್ಡಿನ ಚಿಪ್‌ನಲ್ಲೇ, ಕೀ ಇರುವ ಸಿಸ್ಟಮ್ ಆಗಿದ್ದರೆ ತೊಂದರೆ ಇರಲಿಲ್ಲ. ಆದರೆ ಇದು 2014ರಲ್ಲಿ ವಿಂಡೋಸ್ 7 ಜೊತೆ ಬಂದು ಆಮೇಲೆ 10ಕ್ಕೆ ಏರಿದ ಡೆಸ್ಕ್‌ಟಾಪ್. ಕ್ಯಾಬಿನೆಟ್ ಮೇಲಿನ ಸ್ಟಿಕ್ಕರ್‌ನ 7ರ ಕೀ ಹಾಕಿದೆ. ಎಷ್ಟೋ ವರ್ಷ ಆ ದಾರಿ ನಡೆಯುತ್ತಿತ್ತು, ನೀವೂ ಮಾಡಿರುತ್ತೀರಿ. ಈ ಸಲ ಒಪ್ಪಲಿಲ್ಲ. 7 ಮತ್ತು 8ರ ಕೀಗಳಿಂದ ಉಚಿತವಾಗಿ ಏರುವ ದಾರಿಯನ್ನು ಮುಚ್ಚಿದ್ದೇವೆ ಎಂದು ಮೈಕ್ರೋಸಾಫ್ಟ್ ಅದೇ ತಿಂಗಳ 20ರಂದು ತಿಳಿಸಿತ್ತು ಎಂಬುದು ನನಗೆ ಆಮೇಲೆ ಗೊತ್ತಾಯಿತು.

ಆ ಗಾಬರಿಯಲ್ಲಿ ಆನ್‌ಲೈನ್‌ನಲ್ಲಿ ಐನೂರು ಚಿಲ್ಲರೆ ರೂಪಾಯಿಗೆ ಒಂದರಂತೆ ಎರಡು ಕೀ ಕೊಂಡೆ. ಒಂದು ಹಾಕಿದ ಕೂಡಲೇ ಸಿ003 ಎಂದು ಮುಗಿಯುವ ಕೋಡ್ ಬಂತು, ಅಂದರೆ ಕೀ ಬ್ಲಾಕ್ ಆಗಿದೆ. ಇನ್ನೊಂದನ್ನು ಅಂಗಡಿಯ ಸಿಸ್ಟಮ್‌ನಲ್ಲಿ ಪರೀಕ್ಷೆಗೆ ಹಾಕಿಟ್ಟೆ. ನಾಲ್ಕು ತಿಂಗಳು ಇದ್ದು ಅದೂ ಹೋಯಿತು. ಸಾವಿರ ರೂಪಾಯಿ ನೀರಿಗೆ ಬಿತ್ತು. ಗಿರಾಕಿಯ ಸಿಸ್ಟಮ್‌ಗೆ ಅಂಥ ಕೀ ಹಾಕಬೇಡಿ, ಕೈಮುಗಿದು ಹೇಳುತ್ತೇನೆ.

ನಾಲ್ಕನೇ ದಿನ ಕೀ, ಟೋಕನ್ ಎಲ್ಲವನ್ನೂ ಬದಿಗಿಟ್ಟು ಎಂಟೂ ಸಿಸ್ಟಮ್‌ಗಳಲ್ಲಿ ಲೈಸೆನ್ಸ್‌ನ ಪೂರ್ತಿ ವಿವರ ತೋರಿಸುವ ಎಸ್‌ಎಲ್‌ಎಂಜಿಆರ್ ಡಿಎಲ್‌ವಿ ಆದೇಶ ಕೊಟ್ಟು, ಬಂದ ಕಿಟಕಿಯ ಫೋಟೋ ತೆಗೆದೆ. ಮೇಜಿನ ಮೇಲೆ ಮೊಬೈಲ್ ಇಟ್ಟುಕೊಂಡು ಒಂದೊಂದೇ ನೋಡಿದಾಗ ತಿಳಿಯಿತು: ಪರದೆಯ ಮೇಲಿನ ಬರಹ ಒಂದೇ, ರೋಗ ಮೂರು. ಎಂಟಕ್ಕೂ ಒಂದೇ ಔಷಧ ಕುಡಿಸಿದ್ದೇ ನನ್ನ ದೊಡ್ಡ ತಪ್ಪಾಗಿತ್ತು.

ಅಸೆಂಬಲ್ ಮಾಡಿದ ನಾಲ್ಕರಲ್ಲಿ ಚಾನೆಲ್ ಎಂಬಲ್ಲಿ ವಾಲ್ಯೂಮ್ ಕೆಎಂಎಸ್ ಕ್ಲೈಂಟ್ ಎಂದಿತ್ತು, ಕೀಯ ಕೊನೆಯ ಐದಕ್ಷರ ಟಿ83ಜಿಎಕ್ಸ್. ಕೆಎಂಎಸ್ ಎಂದರೆ ದೊಡ್ಡ ಸಂಸ್ಥೆಗಳು ತಮ್ಮದೇ ಸರ್ವರ್‌ನಿಂದ ತಮ್ಮ ಸಿಸ್ಟಮ್‌ಗಳನ್ನು ಆಕ್ಟಿವೇಟ್ ಮಾಡಿಕೊಳ್ಳುವ ವ್ಯವಸ್ಥೆ, ಆ ಕೀ ಅದಕ್ಕೆಂದೇ ಇರುವ ಸಾಮಾನ್ಯ ಕೀ. ಹನ್ನೊಂದು ಸಿಸ್ಟಮ್‌ಗಳ ಆಡಿಟರ್ ಕಚೇರಿಯಲ್ಲಿ ಕೆಎಂಎಸ್ ಸರ್ವರ್ ಎಲ್ಲಿಂದ ಬರಬೇಕು? ಹಿಂದೆ ಜೋಡಿಸಿಕೊಟ್ಟವರು ಅಂಥ ಸರ್ವರ್‌ನಂತೆ ನಟಿಸುವ ಕಳ್ಳ ಆಕ್ಟಿವೇಟರ್ ಹಾಕಿ ಕೊಟ್ಟಿದ್ದರು, ಬಿಲ್ಲಿನಲ್ಲಿ ವಿಂಡೋಸ್ ಸಹಿತ ಎಂದು ಬರೆದಿದ್ದರು. ಹಳೆಯ ಆಂಟಿವೈರಸ್‌ನಲ್ಲಿ ಅದಕ್ಕೆ ವಿನಾಯಿತಿ ಕೊಟ್ಟಿತ್ತು. ಹೊಸದು ಬಂದ ಮೊದಲ ಸ್ಕ್ಯಾನ್‌ನಲ್ಲೇ ಅದನ್ನು ಎತ್ತಿ ಕ್ವಾರಂಟೈನ್‌ಗೆ ಹಾಕಿತ್ತು. ಕೆಎಂಎಸ್ ಆಕ್ಟಿವೇಷನ್ ಒಮ್ಮೆ ಆದರೆ 180 ದಿನ ಇರುತ್ತದೆ, ನಡುವೆ ವಾರಕ್ಕೊಮ್ಮೆ ತಾನೇ ನವೀಕರಿಸಿಕೊಳ್ಳಲು ನೋಡುತ್ತದೆ. ಈ ನಾಲ್ಕರಲ್ಲೂ ನವೀಕರಣ ಎಂದೋ ನಿಂತುಹೋಗಿ ಎಣಿಕೆ ಕೊನೆಗೆ ಬಂದಿತ್ತು. ಒಂದೊಂದರಲ್ಲಿ ಒಂದೊಂದು ದಿನ ಬರಹ ಬಂದದ್ದು ಅದಕ್ಕೇ. "ಆ ಫೈಲಿಗೆ ಎಕ್ಸ್‌ಕ್ಲೂಷನ್ ಕೊಟ್ಟುಬಿಡಿ ಅಣ್ಣಾ, ಎರಡು ನಿಮಿಷದ ಕೆಲಸ" ಎಂದ ನಮ್ಮ ಹುಡುಗ. ನೂರಾರು ಜನರ ತೆರಿಗೆ ಕಡತ, ಡಿಜಿಟಲ್ ಸಹಿ ಇರುವ ಸಿಸ್ಟಮ್ ಅದು. ಯಾರು ಬರೆದದ್ದೋ ಗೊತ್ತಿಲ್ಲದ ಫೈಲಿಗೆ ಅಡ್ಮಿನ್ ಅಧಿಕಾರ ಕೊಟ್ಟು, ಮೇಲಿಂದ ಆಂಟಿವೈರಸ್‌ನ ಕಣ್ಣನ್ನೂ ಕಟ್ಟುವ ಕೆಲಸ ನಾನು ಮಾಡುವುದಿಲ್ಲ. ಆಡಿಟರ್ ಹತ್ತಿರ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಐದು ನಿಮಿಷ ಸುಮ್ಮನಿದ್ದರು. ಆಮೇಲೆ "ಎಷ್ಟಾಗುತ್ತದೆ ಹೇಳಿ" ಎಂದರು. ಒಂದಕ್ಕೆ ಹನ್ನೆರಡು ಸಾವಿರದ ಆಸುಪಾಸು. ಎರಡನ್ನು ತಕ್ಷಣ, ಇನ್ನೆರಡನ್ನು ದೀಪಾವಳಿ ಕಳೆದ ಮೇಲೆ ಕೊಂಡರು. ಕೀ ಹಾಕಿದೆ, ಆಕ್ಟಿವೇಟ್ ಆಯಿತು. ಇದರಲ್ಲಿ ನನ್ನ ಜಾಣತನ ಏನೂ ಇಲ್ಲ.

ಐದನೆಯದು ಕಂಪನಿ ಡೆಸ್ಕ್‌ಟಾಪ್, 2ಎಫ್8ಎಫ್ ಎಂದು ಮುಗಿಯುವ ಕೋಡ್. ಆ ಕೋಡ್ ಕಂಡರೆ ಮೊದಲು ಗಡಿಯಾರ ನೋಡಿ. ಮದರ್‌ಬೋರ್ಡಿನ ಸೆಲ್ ಸತ್ತು ದಿನಾಂಕ ನಾಲ್ಕು ವರ್ಷ ಹಿಂದೆ ಹೋಗಿತ್ತು. ನಲವತ್ತು ರೂಪಾಯಿಯ ಸಿಆರ್2032 ಹಾಕಿ ದಿನಾಂಕ ಸರಿಮಾಡಿದೆ. ಕೋಡ್ ಬದಲಾಯಿತು, ಆಕ್ಟಿವೇಷನ್ ಮಾತ್ರ ಬರಲಿಲ್ಲ. ಬ್ರೌಸರ್‌ನಲ್ಲಿ ಎಲ್ಲವೂ ಸಲೀಸಾಗಿ ತೆರೆಯುತ್ತಿತ್ತು. ನೆಟ್‌ಶೆಲ್ ಆದೇಶದಿಂದ ವಿನ್‌ಎಚ್‌ಟಿಟಿಪಿ ಪ್ರಾಕ್ಸಿ (ವಿಂಡೋಸ್ ಸೇವೆಗಳು ಇಂಟರ್ನೆಟ್‌ಗೆ ಹೋಗುವ ನಡುದಾರಿ) ನೋಡಿದರೆ, ಅದೇ ಸಿಸ್ಟಮ್‌ನ ಸ್ವಂತ ವಿಳಾಸವಾದ 127.0.0.1 ಎಂದು ಒಂದು ಪೋರ್ಟ್ ಸಮೇತ ಕೂತಿತ್ತು. ಆ ಪೋರ್ಟಿನಲ್ಲಿ ಕೇಳಿಸಿಕೊಳ್ಳುವವರು ಈಗ ಯಾರೂ ಇರಲಿಲ್ಲ. ಬ್ರೌಸರ್‌ನ ಪ್ರಾಕ್ಸಿ ಬೇರೆ, ಸೇವೆಗಳು ಬಳಸುವ ಈ ಪ್ರಾಕ್ಸಿ ಬೇರೆ. ರೀಸೆಟ್ ಕೊಟ್ಟ ಅರ್ಧ ನಿಮಿಷಕ್ಕೆ ಆಕ್ಟಿವೇಟ್ ಆಯಿತು.

ಇದನ್ನು ಖಚಿತ ಮಾಡಿಕೊಳ್ಳಲು ಅಂಗಡಿಯ ಹಳೆಯ ಸಿಸ್ಟಮ್ ಒಂದರಲ್ಲಿ ಎರಡು ಸಂಜೆ ಪ್ರಯೋಗ ಮಾಡಿದೆ. ಗೂಢಲಿಪಿಯ ಜಾಲಸಂಪರ್ಕವನ್ನು ತಪಾಸಣೆ ಮಾಡುವ ಆಂಟಿವೈರಸ್‌ನ ಎಚ್‌ಟಿಟಿಪಿಎಸ್ ಸ್ಕ್ಯಾನ್ ಆಕ್ಟಿವೇಷನ್ ಅನ್ನು ತಡೆಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅದನ್ನು ಹಚ್ಚಿಟ್ಟು ಐದಾರು ಸಲ ಎಟಿಒ, ಅಂದರೆ ಈಗಲೇ ಆಕ್ಟಿವೇಟ್ ಮಾಡು ಎಂಬ ಆದೇಶ, ಕೊಟ್ಟೆ, ಪ್ರತಿ ಸಲವೂ ಆಯಿತು. ಸುಳ್ಳು ಪ್ರಾಕ್ಸಿ ಹಾಕಿ ಕೊಟ್ಟೆ, ಒಂದು ಸಲವೂ ಆಗಲಿಲ್ಲ. ಅಂದಿನಿಂದ ನಾನು ಆಂಟಿವೈರಸ್ ಆಫ್ ಮಾಡುವ ಮೊದಲು ಪ್ರಾಕ್ಸಿ ನೋಡುತ್ತೇನೆ.

ಉಳಿದ ಮೂರು ನನ್ನನ್ನು ನಿಜವಾಗಿ ಕಾಡಿದವು. ಮೂರೂ ಅಸಲಿ ಲೈಸೆನ್ಸ್‌ನವು. ಕೋಡ್ 80070005, ಅಂದರೆ ಅಕ್ಸೆಸ್ ಡಿನೈಡ್. ಅಡ್ಮಿನ್ ಆಗಿ ಕೂತವನಿಗೆ ಯಾರು ಡಿನೈ ಮಾಡುತ್ತಿದ್ದಾರೆ? ಒಂದನ್ನು ಅಂಗಡಿಗೆ ತಂದು ರಾತ್ರಿ ಊಟವಾದ ಮೇಲೆ, ಯಾವ ಪ್ರೋಗ್ರಾಂ ಯಾವ ಫೈಲನ್ನು ಮುಟ್ಟುತ್ತಿದೆ ಎಂದು ತೋರಿಸುವ ಪ್ರೋಸೆಸ್ ಮಾನಿಟರ್ ಹಚ್ಚಿದೆ. ಆಕ್ಟಿವೇಷನ್ ನೋಡಿಕೊಳ್ಳುವ ವಿಂಡೋಸ್ ಸೇವೆ ಎಸ್‌ಪಿಪಿಎಸ್‌ವಿಸಿ ಒಂದನ್ನೇ ಉಳಿಸಿಕೊಂಡು ಮಿಕ್ಕದ್ದನ್ನು ಫಿಲ್ಟರ್ ಮಾಡಿ ಎಟಿಒ ಕೊಟ್ಟೆ. ಸಾಲುಗಳು ಸರಸರ ಓಡಿದವು. ಸಕ್ಸೆಸ್, ಸಕ್ಸೆಸ್, ಸಕ್ಸೆಸ್. ನಡುವೆ ಒಂದು ಸಾಲು: ಸಿಸ್ಟಮ್32ರ ಒಳಗೆ ಎಸ್‌ಪಿಪಿ, ಅದರೊಳಗೆ ಸ್ಟೋರ್, ಅದರೊಳಗೆ 2.0. ಮುಂದೆ ಅಕ್ಸೆಸ್ ಡಿನೈಡ್. ಆ ಫೋಲ್ಡರಿನ ಸೆಕ್ಯುರಿಟಿ ತೆರೆದರೆ ಒಡೆತನ ಅಡ್ಮಿನಿಸ್ಟ್ರೇಟರ್ಸ್‌ದು. ಇರಲೇಬೇಕಾದ ಎಸ್‌ಪಿಪಿಎಸ್‌ವಿಸಿ ಸೇವೆಯ ಹೆಸರು ಪಟ್ಟಿಯಲ್ಲೇ ಇರಲಿಲ್ಲ. ತನ್ನ ಉಗ್ರಾಣದ ಬಾಗಿಲನ್ನು ತಾನೇ ತೆರೆಯಲಾರದ ಸ್ಥಿತಿ ಅದರದು.

ಆಗ ಭಾನುವಾರ ರಾತ್ರಿಯ ಕೆಲಸ ನೆನಪಾಯಿತು. ಈ ಮೂರರಲ್ಲಿ ಹಳೆಯ ಆಂಟಿವೈರಸ್ ತೆಗೆಯಲು ಪಾಸ್‌ವರ್ಡ್ ಕೇಳಿತ್ತು. ಅದನ್ನು ಇಟ್ಟವರು ಯಾರೆಂದು ಕಚೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವಸರದಲ್ಲಿ ನಾನೇ ಸೇಫ್ ಮೋಡ್‌ಗೆ ಹೋಗಿ ಅದರ ಡ್ರೈವರ್ ಫೈಲ್‌ಗಳನ್ನು ಬಲವಂತವಾಗಿ ಅಳಿಸಿದ್ದೆ. ನಾಲ್ಕು ಫೈಲ್‌ಗಳ ಒಡೆತನ ತೆಗೆದುಕೊಳ್ಳುವ ಬದಲು ಸಿಸ್ಟಮ್32 ಪೂರ್ತಿಯ ಒಡೆತನ ತೆಗೆದುಕೊಂಡು, ಒಳಗಿನ ಎಲ್ಲ ಅನುಮತಿಗಳನ್ನೂ ಬದಲಿಸು ಎಂಬುದಕ್ಕೆ ಟಿಕ್ ಹಾಕಿದ್ದೆ. ಹಳೆಯ ಆಂಟಿವೈರಸ್‌ದಲ್ಲ, ಹೊಸದರದ್ದೂ ಅಲ್ಲ, ತಪ್ಪು ನನ್ನದು. ಮಾರನೆಯ ದಿನ ಆಡಿಟರಿಗೂ ಇದನ್ನೇ ಹೇಳಿದೆ.

ರೋಗ ಸಿಕ್ಕಿತು, ಔಷಧಕ್ಕೆ ಇನ್ನೊಂದು ದಿನ ಹಿಡಿಯಿತು. ಕೈಯಿಂದ ಒಂದೊಂದೇ ಫೋಲ್ಡರಿಗೆ ಅನುಮತಿ ಕೊಡಲು ಹೋಗಿ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಆಯಿತು. ಕೋಡ್ ಬದಲಾಗುತ್ತಿತ್ತೇ ಹೊರತು ಹೋಗುತ್ತಿರಲಿಲ್ಲ. ಕೊನೆಗೆ ಹೊಳೆದದ್ದು: ಅದೇ ಕಚೇರಿಯಲ್ಲಿ ಅದೇ ಆವೃತ್ತಿಯ, ಏನೂ ಆಗದ ಮೂರು ಸಿಸ್ಟಮ್‌ಗಳಿವೆಯಲ್ಲ! ಅವುಗಳಲ್ಲಿ ಒಂದರಿಂದ, ಫೋಲ್ಡರ್‌ಗಳ ಅನುಮತಿ ನೋಡಿಕೊಳ್ಳುವ ಐಕ್ಯಾಕಲ್ಸ್ ಆದೇಶಕ್ಕೆ ಸೇವ್ ಕೊಟ್ಟು ಅನುಮತಿಗಳ ಪಟ್ಟಿಯನ್ನು ಫೈಲಿಗೆ ಇಳಿಸಿಕೊಂಡೆ, ಪೆನ್‌ಡ್ರೈವ್‌ನಲ್ಲಿ ತಂದು ಕೆಟ್ಟದ್ದರಲ್ಲಿ ರೀಸ್ಟೋರ್ ಕೊಟ್ಟೆ. ಬೇರೆ ಸಿಸ್ಟಮ್‌ನ ಪಟ್ಟಿ ಇಲ್ಲಿ ನಡೆಯುವುದಿಲ್ಲ ಎಂದೇ ಎಲ್ಲರೂ ಹೇಳಿದ್ದರು. ನಡೆಯುತ್ತದೆ. ನಾವು ಮಾಡಿಕೊಂಡ ಬಳಕೆದಾರರ ಗುರುತಿನ ಸಂಖ್ಯೆ ಸಿಸ್ಟಮ್‌ನಿಂದ ಸಿಸ್ಟಮ್‌ಗೆ ಬೇರೆಯಾಗುತ್ತದೆ, ನಿಜ. ಸೇವೆಯ ಗುರುತಿನ ಸಂಖ್ಯೆ ಹುಟ್ಟುವುದು ಸೇವೆಯ ಹೆಸರಿನಿಂದ, ಆದ್ದರಿಂದ ಎಲ್ಲ ಸಿಸ್ಟಮ್‌ಗಳಲ್ಲೂ ಒಂದೇ. ಒಡೆತನ ಮಾತ್ರ ಆ ಪಟ್ಟಿಯಲ್ಲಿ ಬರುವುದಿಲ್ಲ, ಅದನ್ನು ಬೇರೆಯಾಗಿ ಹಿಂದಿರುಗಿಸಬೇಕು. ಎಸ್‌ಪಿಪಿ ಬಿಟ್ಟು ಇನ್ನೂ ಎರಡು ಜಾಗಗಳನ್ನು ಸರಿಮಾಡಬೇಕು, ಒಂದು ವಿಂಡೋಸ್‌ನ ಸೆಟ್ಟಿಂಗ್‌ಗಳ ಕಣಜವಾದ ರಿಜಿಸ್ಟ್ರಿಯಲ್ಲಿದೆ. ಅವು ಯಾವುವು, ಯಾವ ಕ್ರಮದಲ್ಲಿ ಎಂಬುದನ್ನು ಒಂದು ಬ್ಯಾಚ್ ಫೈಲ್ ಮಾಡಿಟ್ಟುಕೊಂಡಿದ್ದೇನೆ. ಅದು ಅಂಗಡಿಯ ಬಂಡವಾಳ, ಇಲ್ಲಿ ಕೊಡುವುದಿಲ್ಲ. ಪ್ರೋಸೆಸ್ ಮಾನಿಟರ್ ಮುಂದೆ ಒಂದು ರಾತ್ರಿ ಕೂತರೆ ನಿಮಗೂ ಸಿಗುತ್ತವೆ.

ರೀಸ್ಟೋರ್ ಆದ ಮೇಲೆ ರೀಸ್ಟಾರ್ಟ್ ಮಾಡಿ ಎಟಿಒ ಕೊಟ್ಟೆ. ಎರಡು ಸಿಸ್ಟಮ್‌ಗಳು ಕೀ ಕೂಡ ಕೇಳದೆ ಆಕ್ಟಿವೇಟ್ ಆದವು. ಮೂರನೆಯದು ನಾನು ಟೋಕನ್ ಕೆಡಿಸಿದ್ದ 2014ರ ಡೆಸ್ಕ್‌ಟಾಪ್. ಅದಕ್ಕೆ 3ವಿ66ಟಿ ಎಂದು ಮುಗಿಯುವ ಪ್ರೊ ಆವೃತ್ತಿಯ ಸಾಮಾನ್ಯ ಕೀ ಹಾಕಿದೆ. ಆ ಕೀಯಿಂದ ಲೈಸೆನ್ಸ್ ಸಿಗುವುದಿಲ್ಲ, ನಿಜ. ಆದರೆ ಆ ಮದರ್‌ಬೋರ್ಡಿನ ಹೆಸರಿನಲ್ಲಿ ಡಿಜಿಟಲ್ ಲೈಸೆನ್ಸ್ ಮೊದಲೇ ಮೈಕ್ರೋಸಾಫ್ಟ್‌ನ ಸರ್ವರ್‌ನಲ್ಲಿತ್ತು. ದಾರಿ ತೆರೆದಿದ್ದರಿಂದ ಅದು ಗುರುತು ಹಿಡಿಯಿತು. ರಾತ್ರಿ ಹನ್ನೊಂದೂಮುಕ್ಕಾಲಕ್ಕೆ ಬೂದು ಬರಹ ಹೋಯಿತು. ಎಸ್.ಪಿ. ರಸ್ತೆಯವರಿಗೆ ಆಗಲೇ ಫೋಟೋ ಕಳಿಸಿದೆ. ಬೆಳಿಗ್ಗೆ ಫೋನ್ ಮಾಡಿ ಐಕ್ಯಾಕಲ್ಸ್ ವಿಷಯ ಎರಡು ಸಲ ಕೇಳಿ ಬರೆದುಕೊಂಡರು.

ಹಣದ ಲೆಕ್ಕ ಹೇಳಿಬಿಡುತ್ತೇನೆ. ಭಾನುವಾರದ ಕೂಲಿ 1,650. ಆಮೇಲಿನ ಒಂಬತ್ತು ದಿನಕ್ಕೆ ಆ ಮೂರು ಸಿಸ್ಟಮ್‌ಗಳ ಬಾಬ್ತು ಒಂದು ರೂಪಾಯಿಯನ್ನೂ ಕೇಳಲಿಲ್ಲ, ತಪ್ಪು ನನ್ನದಾದ್ದರಿಂದ. ಮಿಕ್ಕ ಐದಕ್ಕೆ ಎರಡು ಸಾವಿರ ಕೊಟ್ಟರು. ಕೀಗೆ ಹೋದ ಸಾವಿರ, ಪೆಟ್ರೋಲು, ಹುಡುಗನ ಸಂಬಳ ಕಳೆದರೆ ಕೈಯಿಂದ ಮೂರು ನಾಲ್ಕು ಸಾವಿರ ಹೋಯಿತು. ಮುಂದಿನ ಏಪ್ರಿಲ್‌ನಲ್ಲಿ ಆಡಿಟರ್ ತಾವೇ ಕರೆದು ಹನ್ನೊಂದು ಸಿಸ್ಟಮ್‌ಗಳ ವಾರ್ಷಿಕ ನಿರ್ವಹಣೆಯನ್ನು 28 ಸಾವಿರಕ್ಕೆ ಕೊಟ್ಟರು. ಅವರ ಮಾತಿನ ಮೇಲೆ ಮಂಡಿಯ ನಾಲ್ಕು ಅಂಗಡಿಗಳೂ ಬಂದವು.

ಈಗ ಆಂಟಿವೈರಸ್ ಬದಲಿಸುವ ಮುನ್ನ ಡಿಎಲ್‌ವಿಯ ಫೋಟೋ, ಕೀ, ದಿನಾಂಕ, ಪ್ರಾಕ್ಸಿ ಈ ನಾಲ್ಕನ್ನೂ ನೋಟ್‌ಬುಕ್‌ಗೆ ಏರಿಸಿಕೊಳ್ಳುತ್ತೇನೆ. ಟಿ83ಜಿಎಕ್ಸ್ ಕಂಡರೆ ಕೆಲಸಕ್ಕೆ ಕೈಹಾಕುವ ಮೊದಲೇ ಮಾಲೀಕರಿಗೆ ಹೇಳುತ್ತೇನೆ. ಹಳೆಯದನ್ನು ಅದರ ಕಂಪನಿಯೇ ಕೊಡುವ ರಿಮೂವಲ್ ಟೂಲ್‌ನಿಂದ ತೆಗೆಯುತ್ತೇನೆ. ಪಾಸ್‌ವರ್ಡ್ ಗೊತ್ತಿಲ್ಲವೆಂದರೆ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ, ಅವರು ಕೊಡುವ ತನಕ, ಒಂದು ದಿನವಾದರೂ ಸರಿ, ಕಾಯುತ್ತೇನೆ. ಹೋದ ತಿಂಗಳು ಅರಸೀಕೆರೆಯಲ್ಲಿ ಹದಿನಾಲ್ಕು ಸಿಸ್ಟಮ್‌ಗಳನ್ನು ಹೀಗೆ ಬದಲಿಸಿ ಬಂದೆ. ಮಧ್ಯಾಹ್ನ ಎರಡಕ್ಕೆ ಕೂತದ್ದು ಏಳಕ್ಕೆ ಮುಗಿಯಿತು. ಎರಡು ವಾರ ಬಿಟ್ಟು ಫೋನ್ ಮಾಡಿ ಕೇಳಿದೆ, ಹದಿನಾಲ್ಕರಲ್ಲೂ ಮೂಲೆ ಖಾಲಿಯಾಗಿಯೇ ಇದೆ.